ನಿಧಾನಕ್ಕೆ ಓಡಿ ಸ್ವಾಮಿ, ನಿಧಾನಕ್ಕೆ!

ನಮಸ್ಕಾರ. ಇವತ್ತು ಶೂ ಬಗ್ಗೆ ಮಾತಾಡಬೇಕು ಅಂತ ಎಲ್ಲಾ ಬರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಕಾರಣ, ಹಿಂದಿನ ಸಂಚಿಕೆಗೆ ಬಂದಿರುವ ಒಂದು ಕಮೆಂಟ್. ಓದುತ್ತೇನೆ, ಕೇಳಿ. "ಒಂದು ಕಿಲೋಮೀಟರಿಗೆ 9 ನಿಮಿಷ ತಗೊಂಡು ಓಡೋದಕ್ಕಿಂತ ಮನೇಲಿ ಮಲಗೋದೇ ಮೇಲು. ಜನಕ್ಕೆ ಸೋಮಾರಿತನ ಕಲಿಸಬೇಡಿ." ಇದಕ್ಕೆ ಲೈಕ್ ಬೇರೆ!

ನನಗೆ ಸಿಟ್ಟು ಬಂದಿದೆ. ಆ ಸಂಚಿಕೆ ನೋಡಿ, ಧೈರ್ಯ ಮಾಡಿ, ಮೊದಲ ಸಲ ಶೂ ಕಟ್ಟಿಕೊಂಡು ಹೊರಗೆ ಹೋದವರು ಇದ್ದಾರೆ. ವಾಪಸ್ ಬಂದು ಬೆವರು ಒರೆಸಿಕೊಳ್ಳುತ್ತಾ ಅವರು ಇದನ್ನು ಓದುತ್ತಾರೆ. ನಾಳೆ ಮತ್ತೆ ಹೋಗುತ್ತಾರಾ? ಇಲ್ಲ. ಒಂದೇ ಸಾಲಿಗೆ ಒಬ್ಬರ ಓಟ ನಿಂತುಹೋಯಿತು.

ಹಾಗಾಗಿ ಇವತ್ತು ಒಂದೇ ಮಾತು ಹೇಳುತ್ತೇನೆ. ಓಟ ಇಷ್ಟ ಇಲ್ಲದವರು ಓಟ ಬಿಟ್ಟುಬಿಡುವುದು ಜೋರಾಗಿ ಓಡಿದ್ದರಿಂದ. ನಿಧಾನಕ್ಕೆ ಓಡಿ. ನಿಮಗೆ ಈಗ ಯಾವ ವೇಗ ನಿಧಾನ ಅನ್ನಿಸುತ್ತದೋ ಅದಕ್ಕಿಂತಲೂ ನಿಧಾನಕ್ಕೆ.

ಮೈಯೊಳಗೆ ಏನು ನಡೆಯುತ್ತದೆ ನೋಡಿ. ಓಡಲು ಶುರು ಮಾಡಿದ ತಕ್ಷಣ ಕಾಲಿನ ಸ್ನಾಯುಗಳು ಜಾಸ್ತಿ ಆಮ್ಲಜನಕ ಕೇಳುತ್ತವೆ. ಹೃದಯ, ಶ್ವಾಸಕೋಶ ಅದನ್ನು ಆ ಕ್ಷಣಕ್ಕೇ ಒದಗಿಸಲಾರವು. ಅವು ಹದಕ್ಕೆ ಬರಲು ಎರಡು ಮೂರು ನಿಮಿಷ ಬೇಕು. ಅಭ್ಯಾಸ ತಪ್ಪಿದವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಆ ಹೊತ್ತಿನಲ್ಲಿ ನೀವು ಜೋರಾಗಿ ಹೊರಟರೆ ಏನಾಗುತ್ತದೆ? ಬಾಯಿ ತೆರೆದುಕೊಳ್ಳುತ್ತದೆ. ಭುಜ ಮೇಲೇರಿ ಕಿವಿ ಹತ್ತಿರ ಬರುತ್ತದೆ. ಮುಷ್ಟಿ ಬಿಗಿಯಾಗುತ್ತದೆ. ಪಕ್ಕೆಯಲ್ಲಿ ಚುಚ್ಚಲು ಶುರು. ಮೊದಲ ತಿರುವು ಬರುವಷ್ಟರಲ್ಲಿ ಮಂಡಿ ಮೇಲೆ ಕೈ ಊರಿ ಬಗ್ಗಿ ನಿಂತಿರುತ್ತೀರಿ. "ಇದು ನನ್ನ ಕೈಲಾಗಲ್ಲ" ಅನ್ನಿಸುತ್ತದೆ. ಓಟ ಇನ್ನೂ ಶುರುವೇ ಆಗಿಲ್ಲ ಸ್ವಾಮಿ! ಮೈ ಇನ್ನೂ ಸಿದ್ಧವಾಗುತ್ತಿತ್ತು, ಅಷ್ಟರಲ್ಲಿ ನೀವೇ ತೀರ್ಪು ಕೊಟ್ಟುಬಿಟ್ಟಿರಿ.

ಇನ್ನು ಛಲ, ಸ್ಫೂರ್ತಿ, ಮೋಟಿವೇಷನ್ ಅಂತ ಭಾಷಣ ಮಾಡುವವರು. ಬೆಳಗಿನ ಜಾವ ಅಲಾರಂ ಹೊಡೆದಾಗ ಯಾರ ಭಾಷಣ ನೆನಪಿಗೆ ಬರುತ್ತದೆ ಹೇಳಿ? ಮೈಗೆ ನೆನಪಾಗುವುದು ಮೊನ್ನೆಯ ಏದುಸಿರು. ಮೊನ್ನೆ ಸುಸ್ತಾಗಿ ಸತ್ತು ಬಂದಿದ್ದರೆ ಇವತ್ತು ಕಂಬಳಿ ಎಳೆದುಕೊಳ್ಳುತ್ತೀರಿ. ಮೊನ್ನೆ "ಇನ್ನೂ ಸ್ವಲ್ಪ ಓಡಬಹುದಿತ್ತು" ಅನ್ನಿಸಿದಾಗಲೇ ನಿಲ್ಲಿಸಿದ್ದರೆ ಇವತ್ತು ಏಳುತ್ತೀರಿ. ನನಗೂ ಓಟ ಇಷ್ಟ ಇಲ್ಲ, ಈಗಲೂ ಇಲ್ಲ. ಹಾಸಿಗೆ ಬಿಡುವಾಗ ಪ್ರತಿ ಸಲ ಬೇಡ ಅನ್ನಿಸುತ್ತದೆ. ಆದರೂ ವರ್ಷಗಳಿಂದ ಬಿಡದೆ ಓಡುತ್ತಿದ್ದೇನೆ ಅಂದರೆ ಅದಕ್ಕೆ ಕಾರಣ ನಿಧಾನ. ಬೇರೆ ಗುಟ್ಟೇನೂ ಇಲ್ಲ.

ಅಂದಹಾಗೆ, ಇನ್ನೂ ಸಬ್‌ಸ್ಕ್ರೈಬ್ ಆಗದವರು ಈಗಲೇ ಆಗಿ. ಓಡಲು ಮನಸ್ಸಿಲ್ಲದೆಯೂ ಓಡುವವರಿಗಾಗಿಯೇ ಈ ಚಾನೆಲ್ ನಡೆಸುತ್ತಿದ್ದೇನೆ.

ಎಷ್ಟು ನಿಧಾನ ಅಂತ ಕೇಳುತ್ತೀರಿ ಅಲ್ವಾ? ಓಡುತ್ತಾ ಮಾತಾಡಿ ನೋಡಿ. ಒಂದು ಪೂರ್ತಿ ವಾಕ್ಯ ತಡವರಿಸದೆ ಬರಬೇಕು. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರೆ ವೇಗ ಜಾಸ್ತಿಯಾಗಿದೆ, ಇಳಿಸಿ. ವಾಚ್ ಏನು ಹೇಳುತ್ತದೆ ಅಂತ ನೋಡಬೇಡಿ. ಅದರ ಮೇಲೆ ಅಂಗಿಯ ತೋಳು ಎಳೆದು ಮುಚ್ಚಿಬಿಡಿ.

ಇದು ನಾನು ಕಂಡುಹಿಡಿದದ್ದಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಒಲಿಂಪಿಕ್ಸ್ ಚಿನ್ನ ಗೆದ್ದವರನ್ನು ತಯಾರು ಮಾಡಿದ ಕೋಚ್. ಅವರೇ ಮಧ್ಯವಯಸ್ಸಿನವರಿಗೆ, ಹೃದಯದ ತೊಂದರೆ ಇದ್ದವರಿಗೆ ಕೂಡ ಮೆಲ್ಲಗೆ ಓಡುವುದನ್ನು ಕಲಿಸಿದರು. 1962ರ ಕೊನೆಯಲ್ಲಿ ಅಮೆರಿಕದ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದರು. ಮುಂದೆ ನೈಕಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು ಇವರು. ಆಗಲೇ ಹೆಸರಾಂತ ಕೋಚ್, ವಯಸ್ಸು ಐವತ್ತು ದಾಟಿತ್ತು. ಆ ಜನರ ಜೊತೆ ಓಡಲು ಹೋಗಿ ಹಿಂದೆ ಬಿದ್ದರು. ಅವರಿಗೆ ಜೊತೆಯಾಗಿ ನಿಂತು ಕರೆದುಕೊಂಡು ಬಂದದ್ದು ಯಾರು ಗೊತ್ತಾ? ಎಪ್ಪತ್ತು ದಾಟಿದ, ಹೃದಯಾಘಾತ ಆಗಿದ್ದ ಒಬ್ಬ ಅಜ್ಜ! ಬೋವರ್‌ಮನ್ ಊರಿಗೆ ಮರಳಿ ಸಾಮಾನ್ಯ ಜನರಿಗೆ ಜಾಗಿಂಗ್ ಹೇಳಿಕೊಡಲು ಶುರು ಮಾಡಿದರು. ಆ ಅಜ್ಜನಿಗೂ ಹೇಳುತ್ತೀರಾ ಮನೇಲಿ ಮಲಗಿ ಅಂತ?

"ನಿಧಾನಕ್ಕೆ ಓಡಿದರೆ ಉಪಯೋಗ ಇಲ್ಲ" ಅಂತ ಇನ್ನೊಂದು ವಾದ ಬರುತ್ತದೆ. ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ 2019ರಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು, ಅಂದರೆ 42 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ, 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಅಂಥವರ ತರಬೇತಿಯಲ್ಲೂ ಬಹುಪಾಲು ಓಟ ಆರಾಮದ್ದೇ. ಜಗತ್ತಿನ ದೊಡ್ಡ ಓಟಗಾರರು ವಾರದಲ್ಲಿ ಹೆಚ್ಚಿನ ದಿನ ಮೆಲ್ಲಗೆ ಓಡುತ್ತಾರೆ. ಆಫೀಸು ಮುಗಿಸಿ, ಬೆನ್ನು ನೋವು ಇಟ್ಟುಕೊಂಡು ಹೊರಟ ನೀವು ಮಾತ್ರ ಪ್ರತಿದಿನ ಪ್ರಾಣ ಬಿಟ್ಟು ಓಡಬೇಕಂತೆ. ಯಾವ ನ್ಯಾಯ ಇದು?

"ಹಾಗಾದರೆ ಸುಮ್ನೆ ನಡೀಬಹುದಲ್ಲ" ಅನ್ನುವವರೂ ಇದ್ದಾರೆ. ನಡೆಯಿರಿ! ಓಟದ ಮಧ್ಯೆ ಧಾರಾಳವಾಗಿ ನಡೆಯಿರಿ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಅವರೇ ಸ್ವಲ್ಪ ಓಡಿ, ಸ್ವಲ್ಪ ನಡೆಯಿರಿ ಅಂತ ದಶಕಗಳ ಕಾಲ ಕಲಿಸಿದರು. 1996ರಲ್ಲಿ ಜಾಶ್ ಕ್ಲಾರ್ಕ್ ಮಾಡಿದ ಕೌಚ್ ಟು 5ಕೆ ನೋಡಿ, ಓಡಿ ಅಭ್ಯಾಸ ಇಲ್ಲದವರನ್ನು 5 ಕಿಲೋಮೀಟರ್ ಓಡುವ ಹಾಗೆ ಮಾಡುವ ತರಬೇತಿ ಅದು. ಮೊದಲ ವಾರ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ. ಓಟಕ್ಕಿಂತ ನಡಿಗೆಯೇ ಜಾಸ್ತಿ! ಜನ ಎಡವುವುದು ಎಲ್ಲಿ ಗೊತ್ತಾ? ಆ 60 ಸೆಕೆಂಡನ್ನು ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಾರೆ. ನಿಧಾನಕ್ಕೆ ಅಂದೆನಲ್ಲ!

ಒಂದು ತಿಂಗಳಾದ ಮೇಲೆ ನಿಮಗೇ ಹುರುಪು ಬರುತ್ತದೆ. ಉಸಿರು ಹಗುರಾಯಿತು, ಇನ್ನು ಜೋರಾಗಿ ಓಡೋಣ ಅನ್ನಿಸುತ್ತದೆ. ಆಗಲೂ ಬೇಡ. ಉಸಿರಾಟ ಬೇಗ ಸುಧಾರಿಸುತ್ತದೆ, ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ಅದಕ್ಕಿಂತ ಜಾಸ್ತಿ ಸಮಯ ಬೇಕು. ಆತುರಪಟ್ಟರೆ ಮೊಣಕಾಲ ಕೆಳಗೆ ಮುಂಭಾಗದಲ್ಲಿ ನೋವು ಹಿಡಿದುಕೊಳ್ಳುತ್ತದೆ. ಆಮೇಲೆ ಓಡುವುದಿರಲಿ, ಮೆಟ್ಟಿಲು ಇಳಿಯುವುದೂ ಕಷ್ಟ.

ಗೆಳೆಯರ ಗುಂಪಿನಲ್ಲಿ ಹಿಂದೆ ಬಿದ್ದಿರಾ? ಬೀಳಿ. ಪಕ್ಕದಲ್ಲಿ ಯಾರೋ ಸರ್ರನೆ ದಾಟಿ ಹೋದರಾ? ಹೋಗಲಿ ಬಿಡಿ, ಅವರ ದಾರಿ ಅವರಿಗೆ. ಆ್ಯಪ್‌ನಲ್ಲಿ ನಿಮ್ಮ ವೇಗ ನೋಡಿ ಯಾರಾದರೂ ನಕ್ಕರಾ? ನಗಲಿ! ಬೇಕಾದರೆ ಆ ಆ್ಯಪನ್ನೇ ತೆಗೆದುಹಾಕಿ. ಓಟಕ್ಕೆ ಆ್ಯಪ್ ಬೇಕಿಲ್ಲ. ದಿನಾ ಬೇಡ ಅನ್ನಿಸಿಯೂ ಎದ್ದು ಹೊರಗೆ ಹೋಗುವುದು ಸಣ್ಣ ವಿಷಯ ಅಲ್ಲ. ಅಂಥವರನ್ನು ಅಣಕಿಸುವ ಹಕ್ಕು ಯಾರಿಗೂ ಇಲ್ಲ, ಯಾರಿಗೂ! ಎಷ್ಟು ಸಲ ಹೇಳಲಿ? ನಿಧಾನಕ್ಕೆ, ನಿಧಾನಕ್ಕೆ, ಇನ್ನೂ ನಿಧಾನಕ್ಕೆ!

ಸರಿ, ಶೂ ವಿಷಯ ಮುಂದಿನ ವಾರಕ್ಕೆ. ಗಂಟೆ ಗುರುತು ಒತ್ತಿಟ್ಟುಕೊಳ್ಳಿ, ಬಂದಾಗ ಗೊತ್ತಾಗುತ್ತದೆ. ಈ ವಾರ ನೀವು ಓಡಿದ ಅತಿ ನಿಧಾನದ ಕಿಲೋಮೀಟರ್ ಎಷ್ಟು ನಿಮಿಷದ್ದು ಅಂತ ಕೆಳಗೆ ಬರೆಯಿರಿ. 10 ಆಗಲಿ, 12 ಆಗಲಿ, ನಾಚಿಕೆ ಬೇಡ. ಅತಿ ನಿಧಾನಕ್ಕೆ ಓಡಿದವರ ಹೆಸರು ಮುಂದಿನ ಸಂಚಿಕೆಯಲ್ಲಿ ಮೊದಲು ಓದುತ್ತೇನೆ.