ಕಳುವಾದದ್ದು ಎಷ್ಟು, ಬರೆದದ್ದು ಎಷ್ಟು?

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಬೇಕಾದದ್ದು ಕಳ್ಳತನದ ಬಗ್ಗೆ. ಬ್ರಿಟಿಷರ ಕಾಲದ ಹಳ್ಳಿಗಳ ಕಳ್ಳತನ, ಮತ್ತು ಅದರ ಬಗ್ಗೆ ಆಗಿನ ಪೊಲೀಸರು ಬರೆದಿಟ್ಟ ವರದಿಗಳು. ಊರಿನ ಇತಿಹಾಸ ಬರೆಯುವವರು ಶಾಸನ ಓದುತ್ತಾರೆ, ಕೈಫಿಯತ್ತು ಓದುತ್ತಾರೆ, ಗೆಜೆಟಿಯರ್ ಓದುತ್ತಾರೆ. ಪೊಲೀಸ್ ಕಡತದ ಕಡೆ ಹೋಗುವವರು ಕಡಿಮೆ. ಹೋದವರೂ ಅಲ್ಲಿರುವ ಅಂಕಿ ನಕಲು ಮಾಡಿಕೊಂಡು ಬರುತ್ತಾರೆ. ಆ ವರ್ಷ ಇಷ್ಟು ಕಳವು, ಮರುವರ್ಷ ಇಷ್ಟು ಕಳವು, ಆದ್ದರಿಂದ ಜಿಲ್ಲೆಯಲ್ಲಿ ಶಾಂತಿ ನೆಲೆಸಿತು ಅಂತ ಬರೆದುಬಿಡುತ್ತಾರೆ.

ನನ್ನ ತಕರಾರು ಇರುವುದು ಇಲ್ಲೇ. ಒಂದು ಕಳ್ಳತನ ಮನೆಯಿಂದ ಹೊರಟು ಸರ್ಕಾರದ ಪುಸ್ತಕ ಸೇರುವ ದಾರಿಯಲ್ಲಿ ಎದುರಾಗುವ ಪ್ರತಿಯೊಬ್ಬನಿಗೂ ಅದನ್ನು ಸಣ್ಣದು ಮಾಡುವುದಕ್ಕೋ, ಮುಚ್ಚಿಬಿಡುವುದಕ್ಕೋ ಒಂದು ಕಾರಣ ಇತ್ತು. ಕೆಲವು ಸಲ ಉಬ್ಬಿಸುವುದಕ್ಕೂ ಇತ್ತು. ಆ ಕಾರಣಗಳನ್ನು ಹಿಡಿದು ಓದಿದರೆ ಮಾತ್ರ ಈ ಕಡತಗಳು ಬಾಯಿ ಬಿಡುತ್ತವೆ.

ಮೊದಲು ಯಾವ ಕಡತ ಎಲ್ಲಿಯದು ಅನ್ನುವುದನ್ನು ನೋಡೋಣ. ಆಗ ನಮ್ಮ ನಾಡು ಹಂಚಿಹೋಗಿತ್ತು. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸಿನ ಕೆಳಗೆ. ಧಾರವಾಡ, ಬೆಳಗಾವಿ, ವಿಜಾಪುರ ಮುಂಬೈ ಕೆಳಗೆ. 1862ರಲ್ಲಿ ಉತ್ತರ ಕನ್ನಡವೂ ಮುಂಬೈಗೆ ಹೋಯಿತು. ಮೈಸೂರು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಹೈದರಾಬಾದ್ ಕರ್ನಾಟಕ ನಿಜಾಮರದು. ಗಡಿ ದಾಟಿದರೆ ಕಾನೂನೂ ಬೇರೆ, ಅಧಿಕಾರಿಯೂ ಬೇರೆ. ಎತ್ತು ಕದ್ದವನಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು.

ಖಾಕಿ ಪೊಲೀಸರು ಬರುವ ಮುಂಚೆ ಊರಿಗೆ ಕಾವಲು ಇರಲಿಲ್ಲವೇ? ಇತ್ತು. ಮೈಸೂರು ಕಡೆ ಪಟೇಲ, ಶಾನುಭೋಗ, ತಳವಾರ, ತೋಟಿ. ಧಾರವಾಡ ಕಡೆ ಗೌಡ, ಕುಲಕರ್ಣಿ, ವಾಲೀಕಾರ. ಮೈಸೂರಿನಲ್ಲಿ ಇವರ ಜೊತೆಗೆ ಕಂದಾಚಾರ ಎಂಬ ಸ್ಥಳೀಯ ಪಡೆಯ ಆಳುಗಳೂ ಇದ್ದರು. ಕಳವಾದ ಬೆಳಿಗ್ಗೆ ಕಾವಲುಗಾರ ಹೆಜ್ಜೆಯ ಜಾಡು ಹಿಡಿದು ಹೊರಡುತ್ತಿದ್ದ. ಜಾಡು ಊರ ಎಲ್ಲೆ ದಾಟಿದರೆ ಆಚೆ ಊರಿನವರನ್ನು ಕರೆದು ತೋರಿಸುತ್ತಿದ್ದ. ಅಲ್ಲಿಂದ ಮುಂದೆ ಹೊಣೆ ಅವರದು. ತಮ್ಮ ಎಲ್ಲೆಯಿಂದ ಜಾಡು ಹೊರಗೆ ಹೋಯಿತು ಎಂದು ಅವರು ತೋರಿಸಬೇಕು, ಇಲ್ಲವೇ ಕಳುವಾದದ್ದರ ಬೆಲೆ ಕಟ್ಟಿಕೊಡಬೇಕು. ದಖ್ಖನಿನ ಬಹಳ ಕಡೆ ಈ ಪದ್ಧತಿ ಇತ್ತು. ಇದರಲ್ಲಿ ಅನ್ಯಾಯ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಬಡ ತಳವಾರ ಎಲ್ಲಿಂದ ತಂದು ಕೊಟ್ಟಾನು? ಆದರೆ ಇಲ್ಲಿ ಮುಖ್ಯವಾಗಿ ಇದ್ದದ್ದು ವಸ್ತು ವಾಪಸ್ ಬರುವುದು.

ಬ್ರಿಟಿಷ್ ಕಾನೂನಿಗೆ ಬೇಕಾದದ್ದು ಅಪರಾಧಿ. ಮದ್ರಾಸ್ ಪೊಲೀಸ್ ಕಾಯ್ದೆ 1859ರಲ್ಲಿ ಬಂತು, ಇಡೀ ದೇಶಕ್ಕೆ ಮಾದರಿಯಾದ ಪೊಲೀಸ್ ಕಾಯ್ದೆ 1861ರಲ್ಲಿ. ದಂಡ ಸಂಹಿತೆ 1862ರ ಜನವರಿಯಿಂದ ಜಾರಿಯಾಯಿತು. ಇದಕ್ಕೂ ಹಿಂದಿನ ಒಂದು ಕಾನೂನು ಹೇಳಲೇಬೇಕು. ಮದ್ರಾಸಿನ 1816ರ ರೆಗ್ಯುಲೇಷನ್ ಪ್ರಕಾರ ಸಣ್ಣ ಬೈಗುಳ, ಹೊಡೆದಾಟಕ್ಕೆ ಊರ ಮುಖ್ಯಸ್ಥನೇ ಶಿಕ್ಷೆ ಕೊಡಬಹುದಿತ್ತು. 1821ರಲ್ಲಿ ಇದನ್ನು ಸಣ್ಣ ಕಳ್ಳತನಕ್ಕೂ ವಿಸ್ತರಿಸಿದರು. ಶಿಕ್ಷೆ ಏನು? ಚಾವಡಿಯಲ್ಲಿ 12 ಗಂಟೆಯವರೆಗೆ ಕೂಡಿಹಾಕುವುದು. ಆದರೆ ತಪ್ಪು ಮಾಡಿದವನು ಕೆಳಜಾತಿಯವನಾದರೆ 6 ಗಂಟೆಯವರೆಗೆ ಕಾಲಿಗೆ ಮರದ ಕೋಳ ಹಾಕಿ ಕೂರಿಸಬಹುದು. ಇದು ಊರಿನ ರೂಢಿಯಲ್ಲ, ಅಚ್ಚಾದ ಕಾನೂನು. ಕಂಪನಿ ಸರ್ಕಾರ ಎಲ್ಲರನ್ನೂ ಒಂದೇ ಕಣ್ಣಿನಲ್ಲಿ ನೋಡಿತು ಎನ್ನುವವರಿಗೆ ಈ ಒಂದು ಕಲಮು ತೋರಿಸಿದರೆ ಸಾಕು.

ಈಗ ಒಂದು ವರದಿಯನ್ನು ಹತ್ತಿರದಿಂದ ನೋಡೋಣ. ಇದು ಯಾವುದೇ ಒಂದು ಕಡತದ್ದಲ್ಲ, ಮಾದರಿಗಾಗಿ ನಾನೇ ಕಟ್ಟಿಕೊಂಡದ್ದು. ಕಾಲ 1900ರ ಆಸುಪಾಸು. ಧಾರವಾಡ ಸೀಮೆಯ ಒಂದು ಹಳ್ಳಿ. ರಾತ್ರಿ ಒಬ್ಬ ರೈತನ ಮನೆಗೆ ಕನ್ನ ಬಿದ್ದಿದೆ. ಮಣ್ಣಿನ ಗೋಡೆ. ಬಾಗಿಲ ಚೌಕಟ್ಟಿನ ಪಕ್ಕದಲ್ಲೇ ಕೈ ಹಿಡಿಯುವಷ್ಟು ತೂತು ಕೊರೆದು, ಒಳಗೆ ಕೈ ಹಾಕಿ ಅಗಳಿ ಸರಿಸಿದ್ದಾರೆ. ಮುಂಬೈ ಪ್ರಾಂತ್ಯದ ಪೊಲೀಸರು ಇದನ್ನು ಬಗಲಿ ಎನ್ನುತ್ತಿದ್ದರು. ಹಿಂದಿನ ಗೋಡೆಗೆ ಮೈ ತೂರುವಷ್ಟು ಕನ್ನ ಹಾಕಿದ್ದರೆ ರುಮಾಲಿ. ಕನ್ನದ ಆಕಾರ ನೋಡಿ ಯಾರ ಕೈಚಳಕ ಎಂದು ಹೇಳುವ ಹುಮ್ಮಸ್ಸು ಆಗಿನ ಪೊಲೀಸರಲ್ಲಿ ಬಹಳ ಇತ್ತು.

ಹೋದ ವಸ್ತುಗಳ ಪಟ್ಟಿ ಹೀಗಿರುತ್ತದೆ: ತಾಮ್ರದ ಕೊಡ ಒಂದು, ಹಿತ್ತಾಳೆ ಚೆಂಬು ಎರಡು, ಕಂಚಿನ ತಾಟು ಒಂದು, ಬೆಳ್ಳಿಯ ಕೈಕಡಗ ಒಂದು ಜೊತೆ, ಬಂಗಾರದ ಮೂಗುಬಟ್ಟು ಒಂದು, ಇಳಕಲ್ ಸೀರೆ ಒಂದು, ನಗದು ಏಳು ರೂಪಾಯಿ. ಒಂದೊಂದರ ಮುಂದೆ ಅಂದಾಜು ಬೆಲೆ. ಗುರುತು ಏನು? "ಕೊಡದ ಕಂಠದ ಹತ್ತಿರ ತಗ್ಗು ಬಿದ್ದಿದೆ", "ತಾಟಿನ ಅಂಚಿನಲ್ಲಿ ಹೆಸರು ಕೊರೆದಿದೆ". ಸಾಮಾನ್ಯ ರೈತನ ಮನೆಯೊಳಗೆ ಏನೇನಿತ್ತು ಅಂತ ಬೇರೆ ಯಾವ ಸರ್ಕಾರಿ ಕಾಗದ ಇಷ್ಟು ಹತ್ತಿರದಿಂದ ಹೇಳುತ್ತದೆ? ಕಂದಾಯದ ಪುಸ್ತಕ ಹೊಲ ಎಣಿಸುತ್ತದೆ. ಜನಗಣತಿ ತಲೆ ಎಣಿಸುತ್ತದೆ. ಅಡುಗೆಮನೆಯೊಳಗೆ ಬರುವುದು ಪಂಚನಾಮೆ ಮಾತ್ರ. ಹೆಂಗಸರ ಒಡವೆ ಯಾವ ಪೆಟ್ಟಿಗೆಯಲ್ಲಿತ್ತು, ಅದು ಮಗಳದೋ ಸೊಸೆಯದೋ, ಒತ್ತೆಗೆ ಬಂದದ್ದೋ, ಎಲ್ಲವೂ ಹೇಳಿಕೆಯಲ್ಲಿ ಹೊರಬೀಳುತ್ತದೆ. ಸಾಹುಕಾರನ ಮನೆ ಕಳುವಾದರೆ ಅವನ ಹತ್ತಿರ ಯಾರ್ಯಾರ ಒಡವೆ ಅಡವಿತ್ತು ಎಂಬುದೂ ಗೊತ್ತಾಗುತ್ತದೆ.

ಇದು ಪುಸ್ತಕ ಸೇರಿದ ಕಳವಿನ ಮಾತಾಯಿತು. ಸೇರದೇ ಹೋದವೆಷ್ಟೋ. ಯಾಕೆ ಸೇರುತ್ತಿರಲಿಲ್ಲ ಎಂದು ನೋಡೋಣ.

ಮನೆಯವನ ಲೆಕ್ಕ ಏನು? ವರದಿ ಕೊಟ್ಟರೆ ಊರಿಗೆ ಜಮಾದಾರ ಬರುತ್ತಾನೆ. ಅವನ ಊಟ ತಿಂಡಿ, ಕುದುರೆಗೆ ಹುಲ್ಲು ಊರಿನ ತಲೆಗೆ. ಆಮೇಲೆ ಸುಗ್ಗಿಯ ನಡುವೆ ಕಚೇರಿಗೆ ಅಲೆದಾಟ. ವಸ್ತು ಸಿಕ್ಕಿದರೂ ಅದು ಮುದ್ದೆಮಾಲಾಗಿ, ಅಂದರೆ ಸಾಕ್ಷ್ಯದ ವಸ್ತುವಾಗಿ ಕೋರ್ಟಿನಲ್ಲಿ ಕೂರುತ್ತದೆ, ಕೇಸು ಮುಗಿಯುವವರೆಗೆ ಕೈಗೆ ಬರುವುದಿಲ್ಲ. ಹೋದದ್ದು ಹೋಯಿತು, ಸುಮ್ನೆ ಇದ್ದರೆ ಇಷ್ಟಕ್ಕೇ ಮುಗಿಯಿತು ಎನ್ನುವವರೇ ಜಾಸ್ತಿ. ಇನ್ನು ಕೆಲವರು ಮಧ್ಯಸ್ಥರನ್ನು ಹಿಡಿದು, ಒಂದಿಷ್ಟು ದುಡ್ಡು ಕೊಟ್ಟು ಕದ್ದ ದನವನ್ನು ಬಿಡಿಸಿಕೊಂಡು ಬರುತ್ತಿದ್ದರು. ದನಗಳ ವಿಷಯದಲ್ಲಿ ಇದು ದೇಶದ ಬಹಳ ಕಡೆ ಸಾಮಾನ್ಯವಾಗಿತ್ತು.

ಪಟೇಲನ ಲೆಕ್ಕ ಬೇರೆ. ಜಾಮೀನಿಲ್ಲದ ಅಪರಾಧ ನಡೆದರೆ, ಕದ್ದ ಮಾಲು ಕೊಳ್ಳುವವನು ಊರಲ್ಲಿ ಬಂದು ನೆಲೆಸಿದರೆ ತಕ್ಷಣ ತಿಳಿಸುವುದು ಊರ ಮುಖ್ಯಸ್ಥನ ಕರ್ತವ್ಯ ಎಂದು 1898ರ ದಂಡ ಪ್ರಕ್ರಿಯಾ ಸಂಹಿತೆಯ 45ನೇ ಕಲಮು ಹೇಳುತ್ತಿತ್ತು. ತಿಳಿಸಿದರೆ "ನಿನ್ನ ಕಾವಲು ಏನು ಮಾಡುತ್ತಿತ್ತು?" ಎಂಬ ಪ್ರಶ್ನೆ. ತಿಳಿಸದಿದ್ದರೆ ದಂಡ. ಹಾಗಾಗಿ ತಡವಾಗಿ ತಿಳಿಸುವ ಜಾಣತನ ಹುಟ್ಟಿತು. ಪ್ರಥಮ ವರ್ತಮಾನ ವರದಿಯ ನಮೂನೆಯಲ್ಲಿ ಕೃತ್ಯ ನಡೆದ ವೇಳೆ, ಠಾಣೆಗೆ ಸುದ್ದಿ ಮುಟ್ಟಿದ ವೇಳೆ, ಠಾಣೆಯಿಂದ ಊರು ಎಷ್ಟು ಮೈಲಿ, ಯಾವ ದಿಕ್ಕು ಎಂದು ಬರೆಯುವ ಜಾಗ ಇರುತ್ತದೆ. ಕಳವು ಸೋಮವಾರ ರಾತ್ರಿ, ಠಾಣೆ ಆರು ಮೈಲಿ, ಸುದ್ದಿ ಮುಟ್ಟಿದ್ದು ಗುರುವಾರ ಎಂದಿದ್ದರೆ ಆ ನಡುವಿನ ದಿನಗಳಲ್ಲಿ ಚಾವಡಿಯಲ್ಲಿ ಏನೋ ಮಾತುಕತೆ ನಡೆದಿದೆ ಎಂದೇ ಅರ್ಥ. ಪಂಚಾಯಿತಿ ಮುರಿದುಬಿದ್ದ ಮೇಲೆ ವರದಿ ಹೋಗಿದೆ.

ಇನ್ನು ಠಾಣೆಯವನು. ಪತ್ತೆಯಾಗದ ಕೇಸು ಅವನ ಹೆಸರಿಗೆ ಮಸಿ. ಕೇಸನ್ನೇ ಬರೆದುಕೊಳ್ಳದಿದ್ದರೆ ಪತ್ತೆಯ ಪ್ರಮಾಣ ತಾನಾಗಿಯೇ ಚೆನ್ನಾಗಿ ಕಾಣುತ್ತದೆ. ಇದಕ್ಕೆ ಬರ್ಕಿಂಗ್ ಎಂದು ಇಲಾಖೆಯಲ್ಲೇ ಹೆಸರಿತ್ತು. ಆಂಡ್ರ್ಯೂ ಫ್ರೇಸರ್ ಅಧ್ಯಕ್ಷತೆಯ 1902-03ರ ಪೊಲೀಸ್ ಆಯೋಗ, ನಮ್ಮ ಪೊಲೀಸ್ ಪಡೆ ದಕ್ಷವಲ್ಲ, ಜನ ಅದನ್ನು ಲಂಚಕೋರ, ದಬ್ಬಾಳಿಕೆಯ ಪಡೆ ಎಂದೇ ನೋಡುತ್ತಾರೆ ಎಂದು ಬರೆಯಿತು. ಸರ್ಕಾರವೇ ನೇಮಿಸಿದ ಆಯೋಗದ ಮಾತಿದು.

ಬರೆದುಕೊಂಡರೂ ಯಾವ ಕಲಮಿನ ಕೆಳಗೆ ಬರೆಯುವುದು ಎನ್ನುವುದರಲ್ಲಿ ಆಟ ಇತ್ತು. ಅಂಗಳದಲ್ಲಿದ್ದ ಕೊಡ ಎತ್ತಿಕೊಂಡು ಹೋದರೆ ದಂಡ ಸಂಹಿತೆಯ ಕಲಮು 379, ಮೂರು ವರ್ಷದವರೆಗೆ ಸಜೆ. ಮನೆಯೊಳಗಿಂದ ಎತ್ತಿದರೆ 380, ಏಳು ವರ್ಷ. ಅದೇ ಕೊಡಕ್ಕಾಗಿ ಸೂರ್ಯ ಮುಳುಗಿದ ಮೇಲೆ ಕನ್ನ ಹಾಕಿದರೆ 457, ಹದಿನಾಲ್ಕು ವರ್ಷದವರೆಗೆ. ಐದು ಜನ ಸೇರಿ ಹೊಡೆದು ದೋಚಿದರೆ ಡಕಾಯಿತಿ, ಮೇಲಿನ ಸಾಹೇಬರು ಕೂಡಲೇ ಕಣ್ಣು ಬಿಡುತ್ತಾರೆ. ನಾಲ್ಕೇ ಜನ ಎಂದಾದರೆ ಬರೀ ದರೋಡೆ. ಕತ್ತಲಲ್ಲಿ ತಲೆ ಎಣಿಸಿದವರು ಯಾರು? ಆ ಐದನೆಯವನು ಎಷ್ಟೋ ಕಡತಗಳಲ್ಲಿ ಠಾಣೆಯ ಬಾಗಿಲಲ್ಲೇ ಮಾಯವಾಗಿರಬೇಕು ಎಂದು ನನ್ನ ಗುಮಾನಿ.

ಇನ್ನೊಂದು ವಿಚಿತ್ರ. ಇಂಥ ಕಡತಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಬರುತ್ತದೆ. ಆರೋಪಿ ತಾನಾಗಿಯೇ ಮುಂದೆ ನಡೆದು, ಪಂಚರ ಎದುರಿಗೆ, ಬಾವಿಯ ಪಕ್ಕದ ಮಣ್ಣು ಕೆದರಿ ಒಡವೆ ತೆಗೆದುಕೊಡುತ್ತಾನೆ. ಎಲ್ಲ ಕಳ್ಳರೂ ಒಂದೇ ಗರಡಿಯಲ್ಲಿ ಪಳಗಿದ್ದರೇ? ಇಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಬೆಲೆ ಇರಲಿಲ್ಲ. ಆದರೆ 27ನೇ ಕಲಮಿನ ಪ್ರಕಾರ ಆ ಮಾತಿನಿಂದ ವಸ್ತು ಸಿಕ್ಕಿದರೆ, ಅಷ್ಟು ಭಾಗ ಸಾಕ್ಷ್ಯವಾಗುತ್ತಿತ್ತು. ಕಾನೂನು ಒಂದು ಕಿಂಡಿ ಬಿಟ್ಟಿತು, ಎಲ್ಲ ಪಂಚನಾಮೆಗಳೂ ಆ ಕಿಂಡಿಯಲ್ಲೇ ತೂರಿದವು. ತಪ್ಪೊಪ್ಪಿಗೆಗೆ ಬೆಲೆ ಇಲ್ಲ ಅಂತ ಮಾಡಿದ್ದಕ್ಕೂ ಹಿನ್ನೆಲೆ ಇದೆ. 1855ರಲ್ಲಿ ಮದ್ರಾಸಿನ ಚಿತ್ರಹಿಂಸೆ ಆಯೋಗದ ವರದಿ ಬಂದಿತ್ತು. ಬೆರಳು ಅಮುಕುವ ಕಿಟ್ಟಿ, ಬಿಸಿಲಲ್ಲಿ ಬಗ್ಗಿಸಿ ನಿಲ್ಲಿಸುವುದು, ಎಲ್ಲವೂ ಅದರಲ್ಲಿ ದಾಖಲಾಗಿದೆ.

ಬರಗಾಲ ಬಂದಾಗ ಮಾತ್ರ ಮುಚ್ಚಿಡುವುದು ಸಾಧ್ಯವಾಗಲಿಲ್ಲ. 1876-78ರ ಬರ ಬಳ್ಳಾರಿ, ಧಾರವಾಡ, ವಿಜಾಪುರ ಸೀಮೆ, ಮೈಸೂರು ಎಲ್ಲವನ್ನೂ ನುಂಗಿತು. ಕಳ್ಳತನದ ಅಂಕಿ ಏರಿತು. ಪಟ್ಟಿಯಲ್ಲಿದ್ದ ವಸ್ತುಗಳೂ ಬದಲಾದವು. ಒಡವೆಯ ಜಾಗಕ್ಕೆ ಕಾಳು ಬಂತು. ಉತ್ತರದ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು ಅಲ್ವಾ? ಬಾಯಿ ಮುಚ್ಚಿ ಮಣ್ಣು ಮೆತ್ತಿದ ಹಗೇವನ್ನು ತೆರೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಪ್ರಾಣ ಹೋಗುತ್ತದೆ. ಹಸಿದವನಿಗೆ ಅದನ್ನೆಲ್ಲ ಕಾಯುವ ಹೊತ್ತೆಲ್ಲಿ? 1864ರ ಛಡಿ ಏಟಿನ ಕಾಯ್ದೆಯಂತೆ ಕಳ್ಳತನಕ್ಕೆ ಸೆರೆಯ ಬದಲು ಬೆತ್ತದ ಏಟು ಕೊಡಬಹುದಿತ್ತು. ಜೈಲು ತುಂಬಿ ತುಳುಕುವಾಗ ಇದು ಸರ್ಕಾರಕ್ಕೆ ಅಗ್ಗದ ದಾರಿ. ಒಂದು ಸೇರು ಜೋಳಕ್ಕೂ, ಸಾಹುಕಾರನ ತಿಜೋರಿಗೂ ಅಂಕಿಯ ಪುಸ್ತಕದಲ್ಲಿ ಒಂದೊಂದೇ ಗೆರೆ.

ಉಬ್ಬಿಸಿದ ಕಥೆಗೆ ಬರುತ್ತೇನೆ. 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಉತ್ತರ ಭಾರತಕ್ಕೆ ಬಂತು. 1911ರ ಕಾಯ್ದೆ ಮದ್ರಾಸು, ಮುಂಬೈಗಳನ್ನೂ ಸೇರಿಸಿಕೊಂಡಿತು. ಹುಟ್ಟಿದ ಜಾತಿಯೇ ಅಪರಾಧದ ಸಾಕ್ಷಿ. ನಮ್ಮಲ್ಲಿ ಕೊರಚ-ಕೊರಮರು, ಘಂಟಿಚೋರರು, ಛಪ್ಪರಬಂದರು ಇದರ ಬಲೆಗೆ ಬಿದ್ದರು. ಹೆಸರು ಬರೆಸಬೇಕು, ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇವರನ್ನು ಕಾವಲಿನಲ್ಲಿ ಕೂಡಿಹಾಕುವ ಸೆಟ್ಲ್‌ಮೆಂಟುಗಳಾದವು. ಕೊರಚರು ಹಿಂದೆ ಕತ್ತೆ, ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ತಿರುಗುತ್ತಿದ್ದ ವ್ಯಾಪಾರಿಗಳು. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ವ್ಯಾಪಾರ ಹೋಯಿತು. ತಿರುಗಾಟ ಮಾತ್ರ ಉಳಿಯಿತು. ಕಾನೂನಿಗೆ ಕಂಡದ್ದು ಆ ತಿರುಗಾಟವೇ. ಇನ್ನು ಮುಂದೆ ಊರಲ್ಲಿ ಕನ್ನ ಬಿದ್ದರೆ ಗುಮಾನಿಯ ಕಾಲಂ ಖಾಲಿ ಬಿಡಬೇಕಾಗಿಯೇ ಇಲ್ಲ. ಪಟೇಲನಿಗೂ ಸುಲಭ, ಜಮಾದಾರನಿಗೂ ಸುಲಭ. ಊರ ದೊಡ್ಡ ಮನೆಯ ಹುಡುಗನೇ ಕದ್ದಿದ್ದರೂ ಹೆಸರು ಬರುವುದು ಊರ ಹೊರಗಿನ ಗುಡಿಸಲಿನದು. ಈ ಕಾಯ್ದೆ ರದ್ದಾದದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ.

ಬೆರಳಚ್ಚಿನ ಮಾತು ಬಂತಲ್ಲ, ಒಂದು ಪ್ರಕರಣ ಹೇಳಿಬಿಡುತ್ತೇನೆ. ನಮ್ಮ ನಾಡಿನದಲ್ಲ, ಬಂಗಾಳದ ಜಲಪೈಗುರಿಯದು. 1897ರಲ್ಲಿ ಅಲ್ಲಿನ ಟೀ ತೋಟದ ಮ್ಯಾನೇಜರ್ ಕೊಲೆಯಾಗಿ ಬಿದ್ದಿದ್ದ, ಪೆಟ್ಟಿಗೆ ಒಡೆದು ಹಣ ದೋಚಿದ್ದರು. ಮೊದಲು ಗುಮಾನಿ ಹೋದದ್ದು ತೋಟದ ಕೂಲಿಗಳ ಮೇಲೆ, ಅಡುಗೆಯವನ ಮೇಲೆ, ಆ ಕಡೆ ಸುತ್ತಾಡುತ್ತಿದ್ದ ಕಾಬೂಲಿಗಳ, ಅಂದರೆ ಅಫ್ಘನ್ನರ ಮೇಲೆ. ನೋಡಿ, ಎಲ್ಲಿ ಹೋದರೂ ಅದೇ ಪಟ್ಟಿ. ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ಕಂದು ಬಣ್ಣದ ಹೆಬ್ಬೆರಳ ಗುರುತು ಸಿಕ್ಕಿತು. ಹಿಂದೆ ಕಳ್ಳತನಕ್ಕೆ ಜೈಲಿಗೆ ಹೋಗಿದ್ದ ಹಳೆಯ ಆಳೊಬ್ಬನ ಗುರುತಿಗೆ ಅದು ಹೊಂದಿತು. 1898ರಲ್ಲಿ ನ್ಯಾಯಾಲಯ ಅವನಿಗೆ ಶಿಕ್ಷೆ ಕೊಟ್ಟಿತು. ಆದರೆ ಕೊಲೆಗಲ್ಲ, ಕಳ್ಳತನಕ್ಕೆ! ಪೆಟ್ಟಿಗೆ ಮುಟ್ಟಿದ್ದಾನೆ ಎಂಬುದಕ್ಕೆ ಬೆರಳು ಸಾಕ್ಷಿ, ಕತ್ತು ಕೊಯ್ದದ್ದಕ್ಕೆ ಸಾಕ್ಷಿ ಇಲ್ಲ. ಬೆರಳಚ್ಚು ನಂಬಿ ಕೊಟ್ಟ ಮೊದಮೊದಲ ಶಿಕ್ಷೆಗಳಲ್ಲಿ ಇದೊಂದು. ಆ ಗುರುತುಗಳನ್ನು ಬಿಡಿಬಿಡಿಯಾಗಿ ವಿಂಗಡಿಸುವ ಪದ್ಧತಿ ಕಟ್ಟಿದ್ದರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ನಮ್ಮವರ ದುಡಿಮೆ ದೊಡ್ಡದು. ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು ನಿಂತಿತು.

ಹಾಗಾದರೆ ನಿಮ್ಮ ಊರಿನ ಕಡತ ಎಲ್ಲಿ ಹುಡುಕಬೇಕು? ಹಳೇ ಮೈಸೂರಿನದಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರ. ಬಳ್ಳಾರಿ, ಮಂಗಳೂರು ಕಡೆಯದಾದರೆ ಚೆನ್ನೈ. ಧಾರವಾಡ, ಬೆಳಗಾವಿ, ಕಾರವಾರದ್ದಾದರೆ ಮುಂಬೈ. ಅಲ್ಲಿ ಸುಲಭವಾಗಿ ಸಿಗುವುದು ಅಚ್ಚಾದ ವಾರ್ಷಿಕ ವರದಿಗಳು. ಅಂದರೆ ನಾನು ಇಷ್ಟು ಹೊತ್ತು ಬೈದ ಅದೇ ಅಂಕಿಗಳು. ಅವನ್ನೂ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಎಷ್ಟು ಕಳುವಾಯಿತು ಎನ್ನುವ ಕಾಲಂ ಜೊತೆಗೆ, ಕಳುವಾದ ಮಾಲಿನ ಬೆಲೆ ಎಷ್ಟು, ಅದರಲ್ಲಿ ವಾಪಸ್ ಸಿಕ್ಕಿದ್ದು ಎಷ್ಟು ಎಂಬ ಕಾಲಂ ಇರುತ್ತದೆ, ಅದನ್ನು ಮೊದಲು ಓದಿ. ಕಳಕೊಂಡವನಿಗೆ ಬೇಕಾಗಿದ್ದದ್ದು ಅದೊಂದೇ.

ಬಿಡಿ ಪಂಚನಾಮೆ, ಹೇಳಿಕೆಗಳ ನಕಲು ಮಾತ್ರ ಸರ್ಕಾರಿ ಕಪಾಟಿಗಿಂತ ಮನೆಗಳಲ್ಲಿ ಉಳಿದಿರುವ ಸಾಧ್ಯತೆ ಜಾಸ್ತಿ. ನಿಮ್ಮಲ್ಲಿ ಪಟೇಲರ, ಶಾನುಭೋಗರ, ಕುಲಕರ್ಣಿಯವರ ಮನೆತನದವರು ಇದ್ದೀರಿ. ಅಟ್ಟದ ಮೇಲಿನ ಗಂಟು ಬಿಚ್ಚಿ ನೋಡಿ. ಮೋಡಿ ಎಂಬ ಹಳೆಯ ಕೈಬರಹದ ಲಿಪಿಯಲ್ಲಿದೆ, ಓದಲು ಬರುವುದಿಲ್ಲ ಅಂತ ರದ್ದಿಗೆ ಹಾಕಬೇಡಿ, ಓದುವವರು ಇನ್ನೂ ಇದ್ದಾರೆ. ಫೋಟೋ ತೆಗೆದು ಕಳಿಸಿದರೂ ಸಾಕು. ಈಗ ಪ್ರಶ್ನೆಗಳಿದ್ದರೆ ಕೇಳಿ.