ಅವಸರವಾದಾಗ ಎದ್ದು ಹೋಗಿ

ಕೇಳುಗರೆಲ್ಲರಿಗೂ ನಮಸ್ಕಾರ. ಬೆಳಗಿನ ಈ ಹೊತ್ತಿನಲ್ಲಿ ನಿಮ್ಮಲ್ಲಿ ಹಲವರು ಒಲೆಯ ಮುಂದೆ ನಿಂತಿದ್ದೀರಿ, ಕೆಲವರು ಡೇರಿಗೆ ಹಾಲು ಹಾಕಿ ಬಂದು ಕಾಫಿಯ ಲೋಟ ಹಿಡಿದು ಕುಳಿತಿದ್ದೀರಿ, ಇನ್ನು ಕೆಲವರು ಬಸ್ಸಿನ ವೇಳೆಯನ್ನು ನೋಡಿಕೊಳ್ಳುತ್ತಾ ಮಕ್ಕಳ ತಲೆ ಬಾಚುತ್ತಿದ್ದೀರಿ ಎಂದು ಊಹಿಸಿಕೊಂಡು ನಾನು ಮಾತನಾಡುತ್ತಿದ್ದೇನೆ. ಇಂದಿನ ವಿಷಯ ಮಲಬದ್ಧತೆ. ತಿಂಡಿಯ ಹೊತ್ತಿಗೆ ಇಂಥ ಮಾತೇ ಎಂದು ಯಾರಾದರೂ ರೇಡಿಯೋ ಆರಿಸಲು ಕೈ ಚಾಚಿದ್ದರೆ ಸ್ವಲ್ಪ ತಾಳಿ. ಈ ಮಾತನ್ನು ಆಡಲು ನಾಚಿಕೊಂಡೇ ಜನ ವರ್ಷಗಟ್ಟಲೆ ನರಳುವುದನ್ನು ನಾನು ನನ್ನ ಚಿಕಿತ್ಸಾಲಯದಲ್ಲಿ ದಿನವೂ ನೋಡುತ್ತಿದ್ದೇನೆ.

ಹೇಳಬೇಕಾಗಿರುವುದು ಒಂದೇ ಮಾತು: ಅವಸರವಾದಾಗ ಎದ್ದು ಹೋಗಿ. ಕೈಯಲ್ಲಿರುವ ಕೆಲಸ ಹತ್ತು ನಿಮಿಷ ಕಾಯುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳೋಣ. ದಿನಕ್ಕೊಮ್ಮೆ ಹೊಟ್ಟೆ ಶುದ್ಧಿಯಾಗಲೇಬೇಕೆಂಬ ನಿಯಮವನ್ನು ನಮ್ಮ ದೇಹ ಒಪ್ಪಿಕೊಂಡಿಲ್ಲ. ದಿನಕ್ಕೆ ಮೂರು ಸಲ ಹೋಗುವವರೂ ಆರೋಗ್ಯವಂತರೇ, ವಾರಕ್ಕೆ ಮೂರೇ ಸಲ ಸಲೀಸಾಗಿ ಹೋಗುವವರೂ ಆರೋಗ್ಯವಂತರೇ. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆಯಾದರೆ, ಅಥವಾ ದಿನವೂ ಹೋದರೂ ಮಲ ಗಟ್ಟಿಯಾಗಿ, ಆಡಿನ ಹಿಕ್ಕೆಯಂತೆ ಉಂಡೆಯುಂಡೆಯಾಗಿ, ಮುಕ್ಕಿರಿದು ಮುಕ್ಕಿರಿದು ಬಂದು, ಆದ ಮೇಲೂ ಪೂರ್ತಿಯಾಗಲಿಲ್ಲವೆಂದು ಅನ್ನಿಸಿದರೆ ಅದು ಮಲಬದ್ಧತೆ. ಒಂದು ದಿನ ತಪ್ಪಿದ ಕೂಡಲೇ ಅಂಗಡಿಗೆ ಓಡಿ ಭೇದಿ ಮಾತ್ರೆ ತರುವವರು ಈ ಮಾತನ್ನು ಇನ್ನೊಮ್ಮೆ ನೆನಪಿಸಿಕೊಳ್ಳಬೇಕೆಂದು ಕೋರುತ್ತೇನೆ.

ಇನ್ನು ಮಲ ಗಟ್ಟಿಯಾಗುವುದು ಹೇಗೆಂಬುದನ್ನು ನೋಡೋಣ. ನಾವು ಉಂಡದ್ದು ಸಣ್ಣ ಕರುಳನ್ನು ದಾಟಿ ದೊಡ್ಡ ಕರುಳಿಗೆ ಬರುವಾಗ ಅಂಬಲಿಯಂತೆ ತೆಳ್ಳಗಿರುತ್ತದೆ. ದಿನಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ನೀರು ಹೀಗೆ ದೊಡ್ಡ ಕರುಳನ್ನು ಸೇರುತ್ತದೆ. ಅದರಲ್ಲಿ ಬಹುಪಾಲನ್ನು ಕರುಳು ಹೀರಿಕೊಂಡು, ಕೊನೆಗೆ ಒಂದು ಸಣ್ಣ ಲೋಟದಷ್ಟನ್ನು ಮಾತ್ರ ಮಲದಲ್ಲಿ ಉಳಿಸುತ್ತದೆ. ಬೆಳಿಗ್ಗೆ ಎದ್ದಾಗ ಮತ್ತು ಹೊಟ್ಟೆಗೆ ಏನಾದರೂ ಬಿದ್ದಾಗ ದೊಡ್ಡ ಕರುಳು ಜೋರಾಗಿ ಹಿಂಡಿಕೊಂಡು ಮಲವನ್ನು ಕೆಳಕ್ಕೆ ತಳ್ಳುತ್ತದೆ. ಕಾಫಿ ಕುಡಿದ ಕೂಡಲೇ ಹೋಗಬೇಕೆನ್ನಿಸುವುದು ಇದೇ ಕಾರಣದಿಂದ. ಆಗ ಎದ್ದು ಹೋದರೆ ಕೆಲಸ ಮುಗಿಯಿತು. ಹೋಗದೆ ತಡೆದರೆ ಕೆಲವೇ ನಿಮಿಷಗಳಲ್ಲಿ ಆ ಅವಸರ ಅಡಗುತ್ತದೆ, ಮಲ ಒಳಗೇ ಉಳಿಯುತ್ತದೆ, ಕರುಳು ಮಾತ್ರ ತನ್ನ ಸ್ವಭಾವದಂತೆ ನೀರು ಹೀರುತ್ತಲೇ ಇರುತ್ತದೆ. ಸಂಜೆಯ ಹೊತ್ತಿಗೆ ಅದು ಗಟ್ಟಿಯಾಗಿರುತ್ತದೆ, ಮರುದಿನಕ್ಕೆ ಕಲ್ಲಾಗಿರುತ್ತದೆ. ಹೀಗೆ ವರ್ಷಾನುಗಟ್ಟಲೆ ತಡೆದರೆ ಗುದನಾಳ ಹಿಗ್ಗಿ, ತುಂಬಿದ್ದರೂ ಸುದ್ದಿ ಕೊಡುವುದನ್ನೇ ಮರೆತುಬಿಡುತ್ತದೆ. ತಡೆಯಬಾರದ ವೇಗಗಳು, ಅಂದರೆ ದೇಹದ ಸಹಜ ಅವಸರಗಳು, ಹದಿಮೂರು ಎಂದು ಎಣಿಸಿದ ನಮ್ಮ ಆಯುರ್ವೇದದ ಹಿರಿಯರು ಅವುಗಳಲ್ಲಿ ಮಲವೇಗವನ್ನೂ ಸೇರಿಸಿದ್ದರು. ಈ ಒಂದು ವಿಷಯದಲ್ಲಿ ಅವರಿಗೂ ನನಗೂ ಯಾವ ಜಗಳವೂ ಇಲ್ಲ.

ಇಲ್ಲಿ ಒಬ್ಬ ಶಿಕ್ಷಕಿಯ ವಿಚಾರವನ್ನು ಹೇಳಬೇಕು. ಊರು, ಹೆಸರು ಬೇಡ. ಅವರು ನನ್ನಲ್ಲಿಗೆ ಮೊದಲ ಸಲ ಬಂದಾಗ ಮಲದ ಜೊತೆ ರಕ್ತ ಬರುತ್ತಿತ್ತು, ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿಕೊಂಡಿದ್ದರು. ಪರೀಕ್ಷಿಸಿದಾಗ ಕಂಡದ್ದು ಗುದದ್ವಾರದಲ್ಲಿ ಒಂದು ಬಿರುಕು. ಗಟ್ಟಿ ಮಲ ಹರಿದು ಮಾಡಿದ ಗಾಯ. ರಾತ್ರಿ ಎರಡು ಪಚ್ಚಬಾಳೆ, ಬೆಳಿಗ್ಗೆ ಬಿಸಿನೀರು, ಅಕ್ಕನ ಮನೆಯಿಂದ ಬಂದ ಚೂರ್ಣ, ಪಕ್ಕದ ಮನೆಯವರು ಹೇಳಿದ ಇಸಬ್‌ಗೋಲ್ ಎಲ್ಲವನ್ನೂ ಅವರು ಮಾಡಿ ಮುಗಿಸಿದ್ದರು. ಇಸಬ್‌ಗೋಲನ್ನಂತೂ ಅರ್ಧ ಗುಟುಕು ನೀರಿನಲ್ಲಿ ನುಂಗುತ್ತಿದ್ದರಂತೆ. ಅದಕ್ಕೆ ತುಂಬಿದ ಒಂದು ಲೋಟ ನೀರು ಬೇಕು, ಇಲ್ಲದಿದ್ದರೆ ಒಳಗೆ ಹೋಗಿ ಅಂಟಿನಂತೆ ಕೂರುತ್ತದೆ. ನಾನೂ ಒಂದು ಸಿರಪ್ ಬರೆದುಕೊಟ್ಟೆ. ಒಂದು ತಿಂಗಳು ಸರಿಹೋಯಿತು, ಮತ್ತೆ ಬಂದರು. ಇನ್ನೊಂದು ಬರೆದುಕೊಟ್ಟೆ, ಮತ್ತೆ ಬಂದರು. ಹೀಗೆ ಒಂದು ವರ್ಷ ಕಳೆಯಿತು, ಆ ವರ್ಷವನ್ನು ಹಾಳುಮಾಡಿದವನು ನಾನೇ.

ಕೊನೆಗೆ ಒಂದು ದಿನ ರೋಗಿಗಳು ಕಡಿಮೆಯಿದ್ದುದರಿಂದ, "ಮೇಡಂ, ನೀವು ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡುತ್ತೀರಿ, ಗಂಟೆಗಂಟೆಯದೂ ಹೇಳಿ" ಎಂದೆ. ಅವರು ಹೇಳಿದರು: "ಐದಕ್ಕೆ ಏಳುತ್ತೇನೆ ಸಾರ್. ಕಾಫಿ ಕುಡಿದು ಆರು ಗಂಟೆಗೆ ಸರಿಯಾಗಿ ಹೋಗಬೇಕು ಅನ್ನಿಸುತ್ತದೆ. ಆದರೆ ಆಗ ಒಲೆ ಮೇಲೆ ಪಲ್ಯ ಇರುತ್ತದೆ, ನಾಲ್ಕು ಡಬ್ಬಿ ಕಟ್ಟಬೇಕು, ಆರೂ ಮುಕ್ಕಾಲಕ್ಕೆ ಬಸ್ಸು." ಬಸ್ಸು ತಪ್ಪಿದರೆ ಮುಂದಿನದು ಒಂಬತ್ತಕ್ಕೆ. ಶಾಲೆಯಲ್ಲಿ ಇದ್ದ ಒಂದೇ ಶೌಚಾಲಯಕ್ಕೆ ನೀರು ಬರುತ್ತಿರಲಿಲ್ಲ, ಚಿಲಕವೂ ಇರಲಿಲ್ಲ. ಆದ್ದರಿಂದ ಶಾಲೆಯಲ್ಲಿ ಹೋಗುವ ಪ್ರಮೇಯವೇ ಬಾರದಿರಲೆಂದು ಬೆಳಗಿನಿಂದ ಸಂಜೆಯವರೆಗೆ ನೀರನ್ನೂ ಕುಡಿಯುತ್ತಿರಲಿಲ್ಲ. ಹನ್ನೊಂದು ವರ್ಷಗಳಿಂದ ಪ್ರತಿದಿನ ಆರು ಗಂಟೆಗೆ ಅವರ ಕರುಳು ಕರೆದಿತ್ತು, ಪ್ರತಿದಿನವೂ ಪಲ್ಯ ಗೆದ್ದಿತ್ತು.

ಹೊರಗೆ ಸ್ಕೂಟರಿನ ಮೇಲೆ ಕುಳಿತಿದ್ದ ಅವರ ಯಜಮಾನರನ್ನು ಒಳಗೆ ಕರೆಸಿದೆ. ಚೀಟಿಯಲ್ಲಿ ಮಲ ಮೆತ್ತಗಾಗುವ ಔಷಧಿಯನ್ನೂ, ಬಿಸಿನೀರಿನ ಟಬ್ಬಿನಲ್ಲಿ ಕೂರುವುದನ್ನೂ ಬರೆದು, ಮೂರನೆಯ ಸಾಲಿನಲ್ಲಿ "ಬೆಳಿಗ್ಗೆ 6ರಿಂದ 6.15ರವರೆಗೆ ಡಬ್ಬಿ ಕಟ್ಟುವುದು ಯಜಮಾನರ ಕೆಲಸ" ಎಂದು ಬರೆದೆ. ಆ ಮನುಷ್ಯ ಚೀಟಿಯನ್ನು ಎರಡು ಸಲ ಓದಿ, "ಇದು ಎಷ್ಟು ದಿನ ಡಾಕ್ಟ್ರೇ?" ಎಂದು ಕೇಳಿದರು. "ಅವರ ಸರ್ವಿಸ್ ಮುಗಿಯುವವರೆಗೆ" ಎಂದೆ. ಒಳ್ಳೆಯವರು, ಮಾಡಿದರು. ಎರಡು ತಿಂಗಳಲ್ಲಿ ಬಿರುಕು ಮಾಗಿತು, ಆಮೇಲೆ ಔಷಧಿಯನ್ನೂ ನಿಧಾನವಾಗಿ ನಿಲ್ಲಿಸಿದೆವು. ಇಂಥ ಎಷ್ಟು ಮಂದಿ ಹೆಣ್ಣುಮಕ್ಕಳು, ಕಂಡಕ್ಟರುಗಳು, ಗಾರ್ಮೆಂಟ್ಸ್ ಕೆಲಸದವರು ಈಗ ರೇಡಿಯೋ ಕೇಳುತ್ತಾ ಇದೇ ರೀತಿ ತಡೆದುಕೊಂಡು ಕುಳಿತಿದ್ದಾರೋ! ದಯವಿಟ್ಟು ಎದ್ದು ಹೋಗಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಈ ಪ್ರಸಂಗವನ್ನು ಹೇಳುತ್ತಾ ನನಗೆ ಕೊಟ್ಟ ಸಮಯದಲ್ಲಿ ಹೆಚ್ಚು ಭಾಗವನ್ನು ಖರ್ಚು ಮಾಡಿದ್ದರಿಂದ ಊಟದ ವಿಚಾರವನ್ನು ಬೇಗ ಹೇಳುತ್ತೇನೆ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಜೋಳದಲ್ಲಿ ಸುಮಾರು 10, ಬಿಳಿ ಅಕ್ಕಿಯಲ್ಲಿ ಮೂರು ಕೂಡ ಇಲ್ಲ. ಮುದ್ದೆ, ಬಸ್ಸಾರು, ಜೋಳದ ರೊಟ್ಟಿ, ಕಾಳುಪಲ್ಯ ಉಣ್ಣುತ್ತಿದ್ದ ಮನೆಗಳು ಮೂರು ಹೊತ್ತೂ ಅನ್ನ, ಇಡ್ಲಿ, ಬ್ರೆಡ್ಡಿಗೆ ತಿರುಗಿ, ಆಮೇಲೆ ನಾರಿನ ಪುಡಿಯನ್ನು ದುಡ್ಡು ಕೊಟ್ಟು ಡಬ್ಬಿಯಲ್ಲಿ ತರುವುದನ್ನು ಕಂಡರೆ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಸೀಬೆಹಣ್ಣನ್ನು ಬೀಜದ ಸಮೇತ ತಿನ್ನಿ, ನೀರು ಕುಡಿಯಿರಿ, ನಡೆಯಿರಿ. ಕಮೋಡಿನ ಮೇಲೆ ಕೂರುವವರು ಪಾದಗಳ ಕೆಳಗೆ ಒಂದು ಗಿಡ್ಡ ಮಣೆಯನ್ನು ಇಟ್ಟುಕೊಂಡರೆ ಮಂಡಿ ಮೇಲೆದ್ದು ದಾರಿ ನೇರವಾಗುತ್ತದೆ. ಮೊಬೈಲನ್ನು ಹೊರಗೇ ಬಿಡಿ.

ಭೇದಿಗೆ ತೆಗೆದುಕೊಂಡು ಕರುಳನ್ನು ಪೂರ್ತಿಯಾಗಿ ಬರಿದು ಮಾಡಿದರೆ ಅದು ಮತ್ತೆ ತುಂಬಲು ಎರಡು ಮೂರು ದಿನಗಳು ಬೇಕು. ಆ ದಿನಗಳಲ್ಲಿ ಹೋಗಲಿಲ್ಲವೆಂದು ಗಾಬರಿಯಾಗಿ ಮತ್ತೆ ಮಾತ್ರೆ ನುಂಗುವವರು ಆ ಚಕ್ರದಿಂದ ಹೊರಗೆ ಬರುವುದೇ ಇಲ್ಲ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಕೋಡೀನ್ ಇರುವ ಕೆಮ್ಮಿನ ಸಿರಪ್, ಕೆಲವು ನೋವಿನ ಮಾತ್ರೆ, ಮನೋರೋಗದ ಕೆಲವು ಔಷಧಿಗಳು ಮಲ ಕಟ್ಟಿಸುತ್ತವೆ. ಗರ್ಭಿಣಿಯರು ಇದಕ್ಕಾಗಿ ಕಬ್ಬಿಣದ ಮಾತ್ರೆಯನ್ನು ಬಿಡಬಾರದು, ವೈದ್ಯರಿಗೆ ಹೇಳಬೇಕು. ಥೈರಾಯ್ಡ್ ಕಡಿಮೆಯಿರುವವರಿಗೂ, ಹಳೆಯ ಸಕ್ಕರೆ ಕಾಯಿಲೆಯವರಿಗೂ, ಪಾರ್ಕಿನ್ಸನ್ ಕಾಯಿಲೆಯವರಿಗೂ ಹೊಟ್ಟೆ ಕಟ್ಟುತ್ತದೆ.

ಇನ್ನು ಯಾವಾಗ ವೈದ್ಯರಲ್ಲಿಗೆ ಹೋಗಬೇಕು? ಹೊಟ್ಟೆ ಉಬ್ಬಿ, ವಾಂತಿಯಾಗುತ್ತಾ, ಗಾಳಿಯೂ ಹೋಗದಿದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಭೇದಿ ಮಾತ್ರೆಯನ್ನೂ ಹರಳೆಣ್ಣೆಯನ್ನೂ ಖಂಡಿತ ಕೊಡಬೇಡಿ, ಅದು ಕರುಳು ಕಟ್ಟಿಕೊಂಡಿರುವ ಲಕ್ಷಣ. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ, ರಕ್ತಹೀನತೆ ಇದೆಯೆಂದು ಹೇಳಿದ್ದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ, ಅಥವಾ 45 ವರ್ಷ ದಾಟಿದವರಿಗೆ ಇದ್ದಕ್ಕಿದ್ದಂತೆ ಮೊದಲಿನ ಕ್ರಮ ಬದಲಾಗಿ ಕೆಲವು ವಾರ ಹಾಗೆಯೇ ಉಳಿದರೆ ತಡಮಾಡದೆ ತೋರಿಸಿ. ರಕ್ತವೆಂದರೆ ಮೂಲವ್ಯಾಧಿಯೇ ಇರಬೇಕೆಂದು ಮನೆಯಲ್ಲಿ ಕುಳಿತು ತೀರ್ಮಾನಿಸಬೇಡಿ. ಹಾಸಿಗೆ ಹಿಡಿದ ಹಿರಿಯರಿಗೆ ನಾಲ್ಕೈದು ದಿನ ಆಗದೆ, ಆಮೇಲೆ ನೀರುನೀರಾಗಿ ಸ್ವಲ್ಪಸ್ವಲ್ಪವೇ ಸೋರತೊಡಗಿದರೆ ಅದು ಭೇದಿಯಲ್ಲ. ಗಟ್ಟಿ ಮಲದ ಗಡ್ಡೆಯ ಸುತ್ತಲಿನಿಂದ ಜಾರುತ್ತಿರುವ ನೀರು. ಭೇದಿ ನಿಲ್ಲುವ ಮಾತ್ರೆ ಕೊಟ್ಟರೆ ಪರಿಸ್ಥಿತಿ ಕೆಡುತ್ತದೆ. ಮಕ್ಕಳು ಕಾಲು ಹೆಣೆದು ಮೂಲೆಯಲ್ಲಿ ನಿಂತು ತಡೆಯುತ್ತಿದ್ದರೆ, ಚಡ್ಡಿಯಲ್ಲಿ ಕಲೆಯಾಗುತ್ತಿದ್ದರೆ ಬೈಯಬೇಡಿ, ಹೊಡೆಯಬೇಡಿ. ನೋವಿಗೆ ಹೆದರಿ ತಡೆಯುತ್ತಿರುತ್ತವೆ, ಮಲ ಮೆತ್ತಗಾಗುವ ಔಷಧಿಗೆ ಮಕ್ಕಳ ವೈದ್ಯರನ್ನು ಕಾಣಿ.

ಮೂರು ನಾಲ್ಕು ವಾರಗಳ ಕಾಲ ಶೌಚಕ್ಕೆ ಹೋಗುವ ಹೊತ್ತು, ಊಟ, ನೀರು ಎಲ್ಲವನ್ನೂ ಸರಿಪಡಿಸಿಕೊಂಡರೂ ಸರಿಹೋಗದಿದ್ದರೂ ತೋರಿಸಬೇಕು. ಹೋಗುವಾಗ ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಆ ಚೂರ್ಣದ ಪೊಟ್ಟಣವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಅವಸರವಾಗುತ್ತದೆ, ಆಗ ನೀವು ಏನು ಮಾಡುತ್ತಿರುತ್ತೀರಿ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ನಮಸ್ಕಾರ.