ಕೈಗೆ ಚೆಂಡು ಬರುವ ಮೊದಲು

ಕೇಳುಗರಿಗೆ ನಮಸ್ಕಾರ.

ಇವತ್ತು ಅಮೆರಿಕದ ಒಬ್ಬ ಆಟಗಾರನ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಹೆಸರು ಜೆರ್ರಿ ರೈಸ್. ಆಟ, ಅಮೆರಿಕನ್ ಫುಟ್‌ಬಾಲ್. ನಮ್ಮಲ್ಲಿ ಈ ಆಟ ನೋಡುವವರು ಕಡಿಮೆ. ಟೀವಿಯಲ್ಲಿ ಅಪ್ಪಿತಪ್ಪಿ ಕಣ್ಣಿಗೆ ಬಿದ್ದರೂ, ಹೆಲ್ಮೆಟ್ ತೊಟ್ಟ ದಾಂಡಿಗರು ಒಬ್ಬರ ಮೇಲೊಬ್ಬರು ಬೀಳುತ್ತಿರುತ್ತಾರೆ, ಚೆಂಡು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಚಾನೆಲ್ ಬದಲಾಯಿಸಿಬಿಡುತ್ತೇವೆ, ಅಲ್ವಾ? ಅದಕ್ಕೇ ಮೊದಲು ಆಟದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ.

ಎರಡೂ ಕಡೆ ಹನ್ನೊಂದು ಹನ್ನೊಂದು ಜನ. ಮೈದಾನದ ಉದ್ದ 100 ಗಜ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜವಾದರೂ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಪಾಯಿಂಟ್. ತಂಡದ ಮಧ್ಯೆ ನಿಂತು ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ದೂರ, ಮೈದಾನದ ಅಂಚಿನ ಹತ್ತಿರ ನಿಂತಿದ್ದು, ಆಟ ಶುರುವಾದ ಕೂಡಲೇ ಓಡಿಹೋಗಿ ಆ ಚೆಂಡು ಹಿಡಿಯುವವನು ವೈಡ್ ರಿಸೀವರ್. 1983ರ ವಿಶ್ವಕಪ್ ಫೈನಲ್‌ನಲ್ಲಿ ಕಪಿಲ್ ದೇವ್ ಹಿಂದಕ್ಕೆ ಓಡುತ್ತಾ ಓಡುತ್ತಾ ವಿವಿಯನ್ ರಿಚರ್ಡ್ಸ್ ಕ್ಯಾಚ್ ಹಿಡಿದರಲ್ಲ, ಅಂಥ ಕ್ಯಾಚ್ ಈತನಿಗೆ ದಿನದ ಕೆಲಸ. ಅದೂ ಎದುರಾಳಿಯೊಬ್ಬ ಮೈಗೆ ಅಂಟಿಕೊಂಡೇ ಓಡಿ ಬರುತ್ತಿರುವಾಗ. ಹಿಡಿದ ಮೇಲೂ ಮುಗಿಯಲಿಲ್ಲ, ಬೀಳಿಸಲು ಬರುವವರನ್ನು ತಪ್ಪಿಸಿಕೊಂಡು ಮತ್ತೆ ಓಡಬೇಕು.

ಇಷ್ಟು ಕೇಳಿದರೆ ಯಾರಿಗಾದರೂ ಅನ್ನಿಸುತ್ತದೆ, ಇದು ತುಂಬಾ ವೇಗವಾಗಿ ಓಡುವವರ ಕೆಲಸ ಅಂತ. ಅಮೆರಿಕದ ತಂಡಗಳಿಗೂ ಹಾಗೇ ಅನ್ನಿಸುತ್ತದೆ. ಕಾಲೇಜಿನಿಂದ ಬರುವ ಹುಡುಗರನ್ನು 40 ಗಜ ಓಡಿಸಿ, ಗಡಿಯಾರ ಹಿಡಿದು ಅಳೆಯುತ್ತಾರೆ. ಆ ಓಟದಲ್ಲಿ ಜೆರ್ರಿ ರೈಸ್ ಸಾಧಾರಣ. ಆದರೂ ಆ ಜಾಗದಲ್ಲಿ ಆಡಿದವರಲ್ಲೆಲ್ಲ ದೊಡ್ಡವರು ಯಾರು ಅಂತ ಕೇಳಿದರೆ, ಬಹುಪಾಲು ಜನ ಅವರ ಹೆಸರನ್ನೇ ಹೇಳುತ್ತಾರೆ.

ರೈಸ್ ಹುಟ್ಟಿದ್ದು 1962ರಲ್ಲಿ, ಮಿಸಿಸಿಪ್ಪಿ ರಾಜ್ಯದಲ್ಲಿ. ಬೆಳೆದದ್ದು ಕ್ರಾಫರ್ಡ್ ಅನ್ನುವ ಚಿಕ್ಕ ಊರಿನಲ್ಲಿ. ಅಪ್ಪ ಗಾರೆ ಕೆಲಸದವರು. ಮನೆ ತುಂಬಾ ಮಕ್ಕಳು. ಬೇಸಿಗೆ ಬಂತೆಂದರೆ ಗಂಡುಮಕ್ಕಳೆಲ್ಲ ಅಪ್ಪನ ಜೊತೆ ಕೆಲಸಕ್ಕೆ. ಜೆರ್ರಿ ಸಾರುವೆ ಹತ್ತಿ ನಿಲ್ಲುತ್ತಿದ್ದ, ಅಣ್ಣತಮ್ಮಂದಿರು ಕೆಳಗಿನಿಂದ ಇಟ್ಟಿಗೆ ಎಸೆಯುತ್ತಿದ್ದರು. ಒಂದು ಹಿಡಿದು ಇಡುವಷ್ಟರಲ್ಲಿ ಇನ್ನೊಂದು. ಮಿಸಿಸಿಪ್ಪಿಯ ಬಿಸಿಲು ಅಂದರೆ ಬೆವರು ಆರದ ಬಿಸಿಲು. ಇಟ್ಟಿಗೆ ಜಾರಿದರೆ ಕಾಲ ಮೇಲೆ ಬೀಳುತ್ತದೆ, ಮೇಲಿಂದ ಅಪ್ಪನ ಬೈಗುಳ ಬೇರೆ. ರೈಸ್ ಕಥೆ ಹೇಳುವವರೆಲ್ಲ ಈ ಇಟ್ಟಿಗೆ ವಿಷಯ ಹೇಳದೆ ಬಿಡುವುದಿಲ್ಲ. ಅಲ್ಲಿಂದಲೇ ಕೈ ಪಳಗಿತು ಅಂತ. ಇರಬಹುದು. ನನಗೇನೋ ಅಲ್ಲಿ ಪಳಗಿದ್ದು ಕೈಗಿಂತ ಜಾಸ್ತಿ ಭಯ ಅನ್ನಿಸುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಫುಟ್‌ಬಾಲಿಗೆ ಬಂದದ್ದೂ ಭಯದಿಂದಲೇ ಅನ್ನಿ. ಹೈಸ್ಕೂಲಿನಲ್ಲಿ ಒಂದು ದಿನ ಕ್ಲಾಸಿಗೆ ಚಕ್ಕರ್ ಹಾಕಿ ಹೊರಗೆ ನಿಂತಿದ್ದ. ಹಿಂದಿನಿಂದ ಉಪಪ್ರಾಂಶುಪಾಲರು ಬಂದರು. ಹುಡುಗ ಹೆದರಿ ಓಟ ಕಿತ್ತ. ಅವನು ಓಡಿದ ರೀತಿ ನೋಡಿ ಅವರು ಶಿಕ್ಷೆಯನ್ನೂ ಕೊಟ್ಟರು, ಫುಟ್‌ಬಾಲ್ ಕೋಚ್‌ಗೆ ವಿಷಯವನ್ನೂ ಮುಟ್ಟಿಸಿದರು.

ದೊಡ್ಡ ಕಾಲೇಜುಗಳು ಈ ಹಳ್ಳಿ ಹುಡುಗನನ್ನು ಹುಡುಕಿಕೊಂಡು ಬರಲಿಲ್ಲ. ಕರೆದದ್ದು ಇಟ್ಟಾ ಬೇನಾ ಅನ್ನುವ ಊರಿನ ಮಿಸಿಸಿಪ್ಪಿ ವ್ಯಾಲಿ ಸ್ಟೇಟ್. ಕಪ್ಪು ಜನರಿಗಾಗಿ ಶುರುವಾದ ವಿಶ್ವವಿದ್ಯಾಲಯ ಅದು. ಅಲ್ಲಿನ ಕೋಚ್ ಆರ್ಚಿ ಕೂಲಿ ವಿಚಿತ್ರ ಮನುಷ್ಯ. ಆಗ ಎಲ್ಲರೂ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುತ್ತಿದ್ದ ಕಾಲ. ಇವರದು ಎಸೆ, ಎಸೆ, ಮತ್ತೆ ಎಸೆ. ಎಸೆಯುವವನು ವಿಲ್ಲಿ ಟಾಟನ್, ಹಿಡಿಯುವವನು ಜೆರ್ರಿ ರೈಸ್. 1984ರಲ್ಲಿ ಆ ತಂಡದ ಸರಾಸರಿ ಪಂದ್ಯಕ್ಕೆ 60 ಪಾಯಿಂಟಿಗೂ ಮೇಲೆ! ರೈಸ್ ಒಬ್ಬರೇ ಆ ಸೀಸನ್ನಿನಲ್ಲಿ 27 ಟಚ್‌ಡೌನ್ ಕ್ಯಾಚ್ ಹಿಡಿದರು. ಇವತ್ತು ಆ ಕಾಲೇಜಿನ ಸ್ಟೇಡಿಯಂಗೆ ಇಬ್ಬರ ಹೆಸರೂ ಇದೆ, ರೈಸ್–ಟಾಟನ್ ಸ್ಟೇಡಿಯಂ ಅಂತ.

ಆದರೂ ಅನುಮಾನ ಹೋಗಲಿಲ್ಲ. ಸಣ್ಣ ಕಾಲೇಜು, ಎದುರಾಳಿಗಳೂ ಸಣ್ಣವರು, ಓಟವೂ ಸಾಧಾರಣ. ಅವರ ಮೇಲೆ ಕಣ್ಣಿಟ್ಟವರು ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ಕೋಚ್ ಬಿಲ್ ವಾಲ್ಷ್. ಒಂದು ಪಂದ್ಯಕ್ಕೆಂದು ಹ್ಯೂಸ್ಟನ್‌ಗೆ ಹೋಗಿದ್ದಾಗ, ರಾತ್ರಿ ಹೋಟೆಲ್ ರೂಮಿನ ಟೀವಿಯಲ್ಲಿ ಈ ಹುಡುಗನ ಆಟ ನೋಡಿದ್ದರಂತೆ. 1985ರ ಡ್ರಾಫ್ಟ್ ಬಂತು. ಡ್ರಾಫ್ಟ್ ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವ ದಿನ. ಫಾರ್ಟಿನೈನರ್ಸ್ ಆಗಷ್ಟೇ ಸೂಪರ್ ಬೌಲ್, ಅಂದರೆ ಸೀಸನ್ನಿನ ಫೈನಲ್ ಪಂದ್ಯ, ಗೆದ್ದಿದ್ದ ತಂಡ, ಹಾಗಾಗಿ ಸರದಿಯಲ್ಲಿ ಕೊನೆ. ವಾಲ್ಷ್ ನ್ಯೂ ಇಂಗ್ಲೆಂಡ್ ತಂಡದ ಜೊತೆ ಅದಲುಬದಲು ಮಾಡಿಕೊಂಡು 16ನೇ ಸರದಿಗೆ ಬಂದರು, ರೈಸ್‌ರನ್ನು ಆರಿಸಿಕೊಂಡರು. ಅದಕ್ಕೆ ಮೊದಲೇ ಇಬ್ಬರು ರಿಸೀವರ್‌ಗಳು ಹೋಗಿಯಾಗಿತ್ತು. ಅವರಲ್ಲೊಬ್ಬ ಎಡ್ಡಿ ಬ್ರೌನ್. ಅವರನ್ನು ಆರಿಸಿಕೊಂಡದ್ದು ಸಿನ್ಸಿನಾಟಿ ಬೆಂಗಾಲ್ಸ್. ಈ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮೊದಲ ವರ್ಷ ಚೆಂಡು ಕೈಯಿಂದ ಜಾರತೊಡಗಿತು. ಇಟ್ಟಿಗೆ ಹಿಡಿದ ಕೈ! ಸುಲಭದ ಕ್ಯಾಚುಗಳೂ ಬಿದ್ದವು. ಸ್ವಂತ ಮೈದಾನದಲ್ಲೇ, ಸ್ವಂತ ಜನರೇ ಕೂಗಿ ಛೀಮಾರಿ ಹಾಕಿದರು. ಕೈ ಕೆಟ್ಟಿರಲಿಲ್ಲ, ತಲೆ ತುಂಬಿಹೋಗಿತ್ತು. ವಾಲ್ಷ್ ಕಲಿಸುತ್ತಿದ್ದ ಆಟ ಅಂಥದ್ದು. ಡಿಸೆಂಬರ್ ಹೊತ್ತಿಗೆ ಪಾಠ ಮೈಗೆ ಹತ್ತಿತು. ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ ಒಂದು ಸೋಮವಾರ ರಾತ್ರಿ 10 ಕ್ಯಾಚ್, 241 ಗಜ. ತಂಡ ಸೋತಿತು, ಆದರೆ ಛೀಮಾರಿ ನಿಂತಿತು.

ವಾಲ್ಷ್ ಆಟದ ಗುಟ್ಟು ಏನಪ್ಪಾ ಅಂದರೆ, ಅಲ್ಲಿ ಕ್ವಾರ್ಟರ್‌ಬ್ಯಾಕ್ ಮನುಷ್ಯನನ್ನು ನೋಡಿ ಚೆಂಡು ಎಸೆಯುವುದಿಲ್ಲ, ಜಾಗ ನೋಡಿ ಎಸೆಯುತ್ತಾನೆ. ರಿಸೀವರ್ ಇನ್ನೂ ಬೆನ್ನು ತಿರುಗಿಸಿ ಓಡುತ್ತಿರುವಾಗಲೇ ಚೆಂಡು ಗಾಳಿಯಲ್ಲಿರುತ್ತದೆ. ಇಷ್ಟು ಹೆಜ್ಜೆ ಓಡಬೇಕು, ಇಂಥ ಕಾಲೂರಿ ತಿರುಗಬೇಕು, ತಿರುಗುವಷ್ಟರಲ್ಲಿ ಚೆಂಡು ಎದೆಯ ಹತ್ತಿರ ಬಂದಿರಬೇಕು. ಈ ದಾರಿಗೆ ರೂಟ್ ಅನ್ನುತ್ತಾರೆ. ಅರ್ಧ ಹೆಜ್ಜೆ ಆಚೀಚೆ ಆದರೂ ಚೆಂಡು ಎದುರಾಳಿಯ ಪಾಲು. ರೈಸ್ ಗೆದ್ದದ್ದು ಇಲ್ಲಿ. ಹತ್ತು ರೂಟ್ ಇದ್ದರೆ ಹತ್ತರ ಮೊದಲ ಮೂರು ಹೆಜ್ಜೆಯೂ ಒಂದೇ ಥರ. ಕಾಯುವವನಿಗೆ ಈತ ನೇರ ಹೋಗುತ್ತಾನೋ, ಒಳಕ್ಕೆ ತಿರುಗುತ್ತಾನೋ ಗೊತ್ತಾಗುತ್ತಿರಲಿಲ್ಲ. ತಿರುಗುವ ಮೊದಲು ಹೆಚ್ಚಿನವರ ಓಟ ನಿಧಾನವಾಗುತ್ತದೆ, ಸೊಂಟ ಬಗ್ಗುತ್ತದೆ. ರೈಸ್ ಅದೇ ವೇಗದಲ್ಲಿ ಬಂದು ಅದೇ ವೇಗದಲ್ಲಿ ತಿರುಗಿಬಿಡುತ್ತಿದ್ದರು. ಗಡಿಯಾರ ಹಿಡಿದು 40 ಗಜ ನೇರ ಓಡಿಸಿದರೆ ಇದು ಎಲ್ಲಿ ಕಾಣಬೇಕು?

ಇನ್ನು ಅವರ ಅಭ್ಯಾಸ. ಪ್ರಾಕ್ಟೀಸಿನಲ್ಲಿ ಐದು ಗಜದ ಚಿಕ್ಕ ಕ್ಯಾಚ್ ಹಿಡಿದರೂ ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಟಚ್‌ಡೌನ್ ಗೆರೆಯವರೆಗೂ ಪೂರ್ತಿ ಓಡಿಹೋಗಿ ವಾಪಸು ಬರುತ್ತಿದ್ದರು. ರಜೆಯ ತಿಂಗಳುಗಳಲ್ಲಿ ಗುಡ್ಡದ ಓಟ. ಸ್ಯಾನ್ ಕಾರ್ಲೋಸ್ ಹತ್ತಿರ ಎಡ್ಜ್‌ವುಡ್ ಅನ್ನುವ ಉದ್ಯಾನ ಇದೆ. ಸನ್ನಿವೇಲ್, ಸಾಂಟಾ ಕ್ಲಾರಾ ಕಡೆ ನೆಲೆಸಿರುವ ನಮ್ಮ ಕನ್ನಡಿಗರಿಗೆ ಅದೇನೂ ದೂರ ಅಲ್ಲ, ವಾರದ ಕೊನೆಗೆ ನಡೆಯಲು ಹೋಗುವವರೂ ಇದ್ದಾರು. ಅಲ್ಲಿನ ಎರಡೂವರೆ ಮೈಲಿ ಏರುದಾರಿಯನ್ನು ರೈಸ್ ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ತಂಡದ ಗೆಳೆಯ ರೋಜರ್ ಕ್ರೇಗ್ ಜೊತೆ ಶುರು ಮಾಡಿದ ಓಟ ಅದು. ನಾವೂ ಬರುತ್ತೇವೆ ಅಂತ ಬಂದ ಎಷ್ಟೋ ಆಟಗಾರರು ಅರ್ಧ ದಾರಿಯಲ್ಲೇ ಕೂತುಬಿಟ್ಟರು.

1987ರ ಜನವರಿಯಲ್ಲಿ ಒಂದು ಎಡವಟ್ಟು ಆಯಿತು. ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಪ್ಲೇ-ಆಫ್ ಪಂದ್ಯ. ರೈಸ್ ಚೆಂಡು ಹಿಡಿದು ಒಬ್ಬರೇ ಓಡುತ್ತಿದ್ದಾರೆ, ಮುಂದೆ ಯಾರೂ ಇಲ್ಲ. ಯಾರೂ ಮುಟ್ಟದೆ, ತನ್ನಷ್ಟಕ್ಕೆ ತಾನೇ ಚೆಂಡು ಕೈಯಿಂದ ಬಿತ್ತು. ಆ ದಿನ ಅವರ ತಂಡ 49–3ರಿಂದ ಸೋತಿತು. ಮುಂದಿನ ಸೀಸನ್ನಿನಲ್ಲಿ ಆಟಗಾರರ ಮುಷ್ಕರ ನಡೆದು ರೈಸ್ ಆಡಿದ್ದು ಬರೀ 12 ಪಂದ್ಯ. ಹಿಡಿದ ಟಚ್‌ಡೌನ್ 22. ಆ ದಾಖಲೆ ಮುರಿಯಲು 2007ರಲ್ಲಿ ರ‍್ಯಾಂಡಿ ಮಾಸ್ ಬರಬೇಕಾಯಿತು. ಮಾಸ್ 23 ಹಿಡಿದರು, 16 ಪಂದ್ಯಗಳಲ್ಲಿ.

ಈಗ 1989ರ ಜನವರಿ 22ಕ್ಕೆ ಬರೋಣ. ಮಯಾಮಿ ನಗರ, ಸೂಪರ್ ಬೌಲ್. ಎದುರಾಳಿ ಅದೇ ಸಿನ್ಸಿನಾಟಿ ಬೆಂಗಾಲ್ಸ್, ರೈಸ್ ಬದಲು ಎಡ್ಡಿ ಬ್ರೌನ್‌ರನ್ನು ಆರಿಸಿಕೊಂಡ ತಂಡ. ಆ ವಾರದ ಪ್ರಾಕ್ಟೀಸಿನಲ್ಲಿ ರೈಸ್ ಕಾಲಿನ ಕೀಲು ಉಳುಕಿತ್ತು. ಕೊನೆಯ ಕಾಲುಭಾಗ ಶುರುವಾಗಿ ಒಂದು ನಿಮಿಷವೂ ಆಗಿಲ್ಲ, ಅಂಚಿನ ಗೆರೆಯ ಪಕ್ಕದಲ್ಲಿ ಚೆಂಡು ಹಿಡಿದರು. ಮೈ ಹೊರಗೆ ಬೀಳುತ್ತಿದೆ, ಕೈ ಮಾತ್ರ ಚಾಚಿ ಚೆಂಡನ್ನು ಗೆರೆ ದಾಟಿಸಿದರು. ಟಚ್‌ಡೌನ್, 13–13 ಸಮ. ಆಮೇಲೆ ಬೆಂಗಾಲ್ಸ್ ಮೂರು ಪಾಯಿಂಟ್ ಮುಂದೆ ಹೋಯಿತು. ಉಳಿದದ್ದು ಮೂರು ನಿಮಿಷ ಚಿಲ್ಲರೆ, ಕ್ರಮಿಸಬೇಕಾದದ್ದು 92 ಗಜ. ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಅವಸರ ಮಾಡದೆ ಒಂದೊಂದೇ ಎಸೆತ ಎಸೆಯುತ್ತಾ ಬಂದರು. ಅರ್ಧ ದಾರಿ ದಾಟಿದ ಮೇಲೆ ತಂಡಕ್ಕೆ ದಂಡ ಬಿತ್ತು, ಹಿಂದೆ ಸರಿಯಬೇಕಾಯಿತು. ಹತ್ತು ಗಜ ಹೋದರೆ ಸಾಕಿದ್ದ ಕಡೆ ಈಗ 20 ಗಜ ಬೇಕು. ಮೊಂಟಾನಾ ಎಸೆದರು. ರೈಸ್ ಮೈದಾನದ ನಡುಮಧ್ಯೆ, ಎದುರಾಳಿಗಳ ನಡುವಿನ ಸಂದಿಯಲ್ಲಿ ಹಿಡಿದು ಓಡಿದರು. ಒಂದೇ ಏಟಿಗೆ 27 ಗಜ! ಇನ್ನು 34 ಸೆಕೆಂಡು ಇರುವಾಗ ಗೆಲುವಿನ ಟಚ್‌ಡೌನ್. ಅದನ್ನು ಹಿಡಿದದ್ದು ರೈಸ್ ಅಲ್ಲ, ಜಾನ್ ಟೇಲರ್. ಆದರೆ 11 ಕ್ಯಾಚ್, 215 ಗಜದ ರೈಸ್‌ಗೇ ಪಂದ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿ. ಉಳುಕಿದ ಕಾಲಿನಲ್ಲಿ.

ಇನ್ನೂ ಎರಡು ಸೂಪರ್ ಬೌಲ್ ಗೆದ್ದರು, 1990ರಲ್ಲಿ ಮತ್ತು 1995ರಲ್ಲಿ. ಎರಡರಲ್ಲೂ ಮೂರು ಮೂರು ಟಚ್‌ಡೌನ್. ಅವನ್ನು ವಿವರಿಸುವುದಕ್ಕಿಂತ 1997ರ ಮಾತು ಹೇಳುತ್ತೇನೆ. ಸೀಸನ್ನಿನ ಮೊದಲ ಪಂದ್ಯದಲ್ಲೇ ಎದುರಾಳಿಯೊಬ್ಬರು ಎಳೆದು ಕೆಡವಿದ ಏಟಿಗೆ ಎಡ ಮೊಣಕಾಲಿನ ಒಳಗಿನ ಕಟ್ಟು ಹರಿಯಿತು. ಆಪರೇಷನ್ ಆಯಿತು. ಇಂಥ ಪೆಟ್ಟಿಗೆ ಒಂದು ವರ್ಷದ ವಿಶ್ರಾಂತಿ ಬೇಕು ಅನ್ನುತ್ತಾರೆ. ರೈಸ್ ಮೂರೂವರೆ ತಿಂಗಳಿಗೆ ಮೈದಾನಕ್ಕೆ ಇಳಿದರು. ಟಚ್‌ಡೌನ್ ಹಿಡಿದರು, ಬಿದ್ದರು, ಅದೇ ಕಾಲಿನ ಮಂಡಿಚಿಪ್ಪು ಒಡೆಯಿತು.

ಅಷ್ಟು ಆತುರ ಯಾಕೆ ಅಂತ ಯಾರಾದರೂ ಕೇಳಬೇಕಾದ್ದೇ. ಉತ್ತರ ಅವರೇ ಕೊಟ್ಟಿದ್ದಾರೆ. 2010ರಲ್ಲಿ ಓಹಾಯೊದ ಕ್ಯಾಂಟನ್‌ನಲ್ಲಿ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗ, ಸೋಲುತ್ತೇನೆ ಅನ್ನುವ ಭಯವೇ ಜೀವನವಿಡೀ ನನ್ನನ್ನು ಓಡಿಸಿದ ಇಂಜಿನ್ ಎಂಬ ಅರ್ಥದ ಮಾತಾಡಿದರು. ಒಂದೇ ಒಂದು ಕೊರಗು ಉಳಿದಿದೆ, ಆಡುವಾಗ ನಾನದನ್ನು ಸುಖವಾಗಿ ಅನುಭವಿಸಲೇ ಇಲ್ಲ, ಅಂತಲೂ ಹೇಳಿಕೊಂಡರು. ನಾವು ಇಂಥವರನ್ನು ನೋಡಿ ಶ್ರಮ, ಶಿಸ್ತು ಅಂತ ಚಪ್ಪಾಳೆ ತಟ್ಟುತ್ತೇವೆ. ಶ್ರಮ ನಿಜ, ಶಿಸ್ತೂ ನಿಜ. ಆದರೆ ಬಿದ್ದ ಇಟ್ಟಿಗೆಗೆ ಬೈಗುಳ ಕಾದಿದ್ದ ಹುಡುಗ ಮೂವತ್ತೈದು ವರ್ಷದ ಗಂಡಸಿನೊಳಗೆ ಹಾಗೇ ಕೂತಿದ್ದ ಅನ್ನಿಸುವುದಿಲ್ಲವಾ?

2000ದ ಕೊನೆಗೆ ಫಾರ್ಟಿನೈನರ್ಸ್ ಪರವಾಗಿ ಊರಿನಲ್ಲಿ ಅವರ ಕೊನೆಯ ಪಂದ್ಯ. ಜನ ಬಂದದ್ದು ರೈಸ್‌ರನ್ನು ಬೀಳ್ಕೊಡಲು. ಅದೇ ದಿನ ಅದೇ ತಂಡದ ಕಿರಿಯ ರಿಸೀವರ್ ಟೆರೆಲ್ ಓವೆನ್ಸ್ 20 ಕ್ಯಾಚ್ ಹಿಡಿದು, 50 ವರ್ಷದ ಹಳೇ ದಾಖಲೆ ಮುರಿದರು. ಕಾಲ ಯಾರಿಗೂ ಕಾಯಲ್ಲ ನೋಡಿ. ರೈಸ್ ಮನೆಗೆ ಹೋಗಲಿಲ್ಲ. ಕೊಲ್ಲಿಯ ಆಚೆ ದಡದ ಓಕ್ಲೆಂಡ್ ರೈಡರ್ಸ್ ಸೇರಿದರು. 40 ತುಂಬಿದ ವರ್ಷ, 2002ರಲ್ಲಿ, 92 ಕ್ಯಾಚ್, 1,211 ಗಜ. ಆಮೇಲೆ ಸಿಯಾಟಲ್. ಡೆನ್ವರ್ ತಂಡದ ಜೊತೆ ಅಭ್ಯಾಸ ಮಾಡಿ, 2005ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿ. ಒಟ್ಟು 20 ಸೀಸನ್, 1,549 ಕ್ಯಾಚ್, 22,895 ಗಜ, 208 ಟಚ್‌ಡೌನ್. ಅವರ ನಂತರದ ಸ್ಥಾನದಲ್ಲಿರುವ ಲ್ಯಾರಿ ಫಿಟ್ಜ್‌ಜೆರಾಲ್ಡ್ 17 ಸೀಸನ್ ಆಡಿಯೂ 5,403 ಗಜ ಹಿಂದೆ ಉಳಿದರು.

ಒಂದು ಕಪ್ಪು ಚುಕ್ಕೆಯೂ ಇದೆ, ಮುಚ್ಚಿಡುವುದು ಸರಿಯಲ್ಲ. ಕೈಗೆ ಹಚ್ಚುವ ಅಂಟನ್ನು ಲೀಗ್ 1981ರಲ್ಲೇ ನಿಷೇಧಿಸಿತ್ತು. ಕೈಗವಸಿಗೆ ಸ್ವಲ್ಪ ಅಂಟು ಸಿಂಪಡಿಸಿಕೊಳ್ಳುತ್ತಿದ್ದೆ ಅಂತ ರೈಸ್ ಒಂದು ಸಂದರ್ಶನದಲ್ಲಿ ತಾವಾಗಿಯೇ ಹೇಳಿಬಿಟ್ಟರು. 2015ರಲ್ಲಿ ಅದು ದೊಡ್ಡ ಸುದ್ದಿಯಾಯಿತು. ನಮ್ಮ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದರು ಅನ್ನುವುದು ಅವರ ಸಮಜಾಯಿಷಿ. ಅವರ ಕಾಲದ ಕೆಲವು ಆಟಗಾರರು ಅದನ್ನು ಒಪ್ಪಲಿಲ್ಲ. ತಪ್ಪು ತಪ್ಪೇ. ಆದರೆ ಎದುರಾಳಿಗಿಂತ ಎರಡು ಹೆಜ್ಜೆ ಮುಂದೆ, ಸರಿಯಾದ ಜಾಗಕ್ಕೆ ಹೋಗಿ ನಿಲ್ಲುವುದನ್ನು ಯಾವ ಅಂಟೂ ಕಲಿಸುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕೊನೆಗೊಂದು ತಮಾಷೆ. ಬೇರೆ ತಂಡಗಳಿಗೆ ಆಡಿದ ಮೇಲೂ ಫಾರ್ಟಿನೈನರ್ಸ್ ಆಟಗಾರನಾಗಿಯೇ ನಿವೃತ್ತಿಯಾಗಬೇಕು ಅನ್ನುವ ಆಸೆ ಅವರಿಗೆ. 2006ರಲ್ಲಿ ತಂಡ ಅದಕ್ಕೊಂದು ಒಪ್ಪಂದ ಬರೆಯಿತು. ಮೊತ್ತ 19,85,806 ಡಾಲರ್, 49 ಸೆಂಟ್. ಅಂಕಿಗಳನ್ನು ಬಿಡಿಸಿ ನೋಡಿ. 1985, ಅವರು ತಂಡಕ್ಕೆ ಬಂದ ವರ್ಷ. 80, ಅವರ ಜೆರ್ಸಿ ನಂಬರ್. 6, ಆ ವರ್ಷದ ಅಂಕಿ. 49, ತಂಡದ ಹೆಸರು. ರೈಸ್ ಸಹಿ ಹಾಕಿದರು. ಒಂದು ಸೆಂಟೂ ಕೈಗೆ ಬರಲಿಲ್ಲ, ಬರುವುದೂ ಇಲ್ಲ ಅಂತ ಇಬ್ಬರಿಗೂ ಮೊದಲೇ ಗೊತ್ತಿತ್ತು.

ನಮಸ್ಕಾರ.